ಅಡ್ಜಸ್ಟ್ ಆಗಲ್ಲ ಸಾರ್

ಬೆಂಗಳೂರಿನಲ್ಲಿ ಅಡ್ಜಸ್ಟ್ ಮಾಡಿಕೊಳ್ಳದೆ ಬದುಕಿದವರನ್ನು ನಾನು ನೋಡಿಲ್ಲ. ಯಲಹಂಕ ನ್ಯೂಟೌನಿನಿಂದ ಬೆಳಿಗ್ಗೆ ಹೊರಡುವ ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಮೂವರು ಕೂತಿರುತ್ತೇವೆ. ನಾಲ್ಕನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ಎಂದರೆ ಮೂವರೂ ಹೊಟ್ಟೆ ಒಳಗೆಳೆದುಕೊಂಡು ಜಾಗ ಹುಟ್ಟಿಸುತ್ತೇವೆ. ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುವಾಗ ತಲೆಯ ಮೇಲೆ ಯುದ್ಧವಿಮಾನ ಗರ್ಜಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ, ಸದ್ದು ದಾಟಿದ ಮೇಲೆ ಅದೇ ವಾಕ್ಯದ ಕ್ರಿಯಾಪದದಿಂದ ಮುಂದುವರಿಸುವುದು ನಮ್ಮೂರಿನವರಿಗೆ 1996ರಿಂದ ರೂಢಿ. ಹೀಗೆ ಹೊಂದಿಕೊಂಡೇ ಐವತ್ತು ದಾಟಿದ ನನಗೆ, ‘ನಾನು ಹೊಂದಿಕೊಳ್ಳಲಾರೆ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ವಸ್ತುಗಳು ಸಿಕ್ಕಿದ್ದು ಮಗನಿಗೆ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಲು ಹೊರಟಾಗಲೇ.

ಪಿಯುಸಿ ಮುಗಿಸಿ, ಸಿಇಟಿಯನ್ನೂ ಬರೆದು ಕೂತಿದ್ದ ಅವನು ‘ಅಪ್ಪ, ನೀನು ಮಾತು ಕೊಟ್ಟಿದ್ದೆ’ ಎಂದ. ಯಾವಾಗ ಕೊಟ್ಟೆನೋ. ಪರೀಕ್ಷೆಯ ದಿನಗಳಲ್ಲಿ ತಂದೆತಾಯಿಗಳು ಏನೇನೋ ಕೊಟ್ಟಿರುತ್ತಾರೆ. ಮನೆಯಲ್ಲಿದ್ದ, 2012ರಲ್ಲಿ ಕಟ್ಟಿಸಿದ್ದ ಹಳೇ ಕಂಪ್ಯೂಟರು ಒಂದು ಮಳೆಯ ಸಂಜೆ ‘ಟಪ್’ ಎಂದು ಸುಟ್ಟ ವಾಸನೆ ಬಿಟ್ಟು ಮಲಗಿದ್ದು ಅವನ ವಾದಕ್ಕೆ ಬಲ ಕೊಟ್ಟಿತು. ನನ್ನಾಕೆ ಬಜೆಟ್ ಮಂಡಿಸಿದಳು: 50,000 ರೂಪಾಯಿ, ಮಾನಿಟರ್ ಇರುವುದೇ ಸಾಕು, ತಿದ್ದುಪಡಿಗೆ ಅವಕಾಶವಿಲ್ಲ. ವಿರೋಧ ಪಕ್ಷವಿಲ್ಲದ ಸದನದಲ್ಲಿ ಅದು ಹಾಗೇ ಅಂಗೀಕಾರವಾಯಿತು.

ಸುದ್ದಿ ಆರ್.ಟಿ. ನಗರದ ನನ್ನ ಭಾವಮೈದನಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನು ಏನನ್ನೂ ಎಸೆಯದ ಮನುಷ್ಯ. ಅವನ ಮನೆಯ ಅಟ್ಟದಲ್ಲಿ ಹಳೇ ಮಿಕ್ಸಿಯ ಜಾರಿನಿಂದ ಹಿಡಿದು ಯಾವುದೋ ಕಾಲದ ಮೋಡೆಮ್‌ವರೆಗೆ ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ ಕೂತಿವೆ. ‘ಭಾವ, ಯಾಕೆ ದುಡ್ಡು ದಂಡ ಮಾಡ್ತೀರ? ನನ್ನ ಹತ್ರ 17 ಇಂಚಿನ ಮಾನಿಟರ್ ಇದೆ, ರ‍್ಯಾಮ್ ಇದೆ, ಒಂದು ಎಸ್‌ಎಂಪಿಎಸ್ಸೂ ಇದೆ. ಅರ್ಧ ಕಂಪ್ಯೂಟರ್ ಇಲ್ಲೇ ಆಯ್ತಲ್ಲ!’ ಎಂದ. ಮಾತು ನನಗೆ ಹಿತವಾಗಿಯೇ ಕೇಳಿಸಿತು. ಮಗ ಮಾತ್ರ ಫೋನನ್ನು ಕಸಿದುಕೊಂಡು ‘ಮಾವ, ಅದ್ಯಾವುದೂ ಕೂರಲ್ಲ’ ಎಂದ.

‘ಕೂರಲ್ಲ’ ಅನ್ನುವ ಈ ಕ್ರಿಯಾಪದದ ಸುತ್ತ ಆಮೇಲೆ ನನ್ನ ಪಾಠ ನಡೆಯಿತು. ಪ್ರೊಸೆಸರನ್ನು ಮೊದಲು ಆರಿಸಬೇಕಂತೆ. ಅದು ಮದರ್‌ಬೋರ್ಡನ್ನು ಆರಿಸುತ್ತದೆ, ಮದರ್‌ಬೋರ್ಡು ರ‍್ಯಾಮನ್ನು, ಗ್ರಾಫಿಕ್ಸ್ ಕಾರ್ಡು ಕರೆಂಟು ಹಂಚುವ ಎಸ್‌ಎಂಪಿಎಸ್ಸನ್ನು, ಎಲ್ಲವೂ ಸೇರಿ ಕ್ಯಾಬಿನೆಟ್ಟನ್ನು. ‘ಹಾಗಾದ್ರೆ ನಾನು ಆರಿಸೋದು ಯಾವುದನ್ನ?’ ಎಂದು ಕೇಳಿದೆ. ‘ನೀನು ಫೋನ್‌ಪೇ ಮಾಡೋದು’ ಎಂದ.

ಪ್ರೊಸೆಸರ್ ಅಂದರೆ ಬಿಸ್ಕತ್ತಿನಷ್ಟಗಲದ ಒಂದು ಚೌಕ. ಎಎಂಡಿ ಕಂಪನಿ 2017ರಲ್ಲಿ ರೈಜೆನ್ ಜೊತೆ ಜನಪ್ರಿಯ ಮಾಡಿದ ಎಎಂ4 ಸಾಕೆಟ್ಟಿನ ಚಿಪ್ಪಿಗೆ ತಳದಲ್ಲಿ 1331 ಸಣ್ಣ ಕಾಲುಗಳು. 2022ರಲ್ಲಿ ಬಂದ ಎಎಂ5ರಲ್ಲಿ ಚಿಪ್ಪಿಗೆ ಕಾಲೇ ಇಲ್ಲ, ಬೋರ್ಡಿನ ಮೇಲೆ 1718 ಮುಳ್ಳುಗಳು. ಇಂಟೆಲ್‌ನವರ ಹನ್ನೆರಡು, ಹದಿಮೂರು, ಹದಿನಾಲ್ಕನೇ ತಲೆಮಾರಿನವು 1700ರ ಸಾಕೆಟ್ಟಿನಲ್ಲಿ ಕೂರುತ್ತವೆ. ಆಮೇಲೆ ಬಂದವು ಕೂರುವುದಿಲ್ಲ. ಇಷ್ಟಾದರೆ ಬಾಯಿಪಾಠ ಮಾಡಬಹುದು. ಆದರೆ 2017ರ ಕೊನೆಯಲ್ಲಿ ಇಂಟೆಲ್‌ನವರು ಎಂಟನೇ ತಲೆಮಾರನ್ನು ಬಿಟ್ಟಾಗ, ಅದೇ 1151ರ ಸಾಕೆಟ್ಟು, ಅದೇ ಅಳತೆ, ಚಿಪ್ಪು ಹಳೇ ಬೋರ್ಡಿನ ಮೇಲೆ ಸರಿಯಾಗಿ ಕೂತರೂ ಕಂಪ್ಯೂಟರು ಮಾತ್ರ ಏಳಲಿಲ್ಲ. ಹೊಸ ಬೋರ್ಡೇ ಬೇಕೆಂದರು. ಅಳತೆ ಸರಿಹೋದ ಚಪ್ಪಲಿ ಕೊಂಡವನಿಗೆ ‘ಇದರಲ್ಲಿ ನಡೆಯುವಂತಿಲ್ಲ’ ಎಂದರೆ ಹೇಗಾಗಬೇಕು?

ಮಗ ಆರಿಸಿದ್ದು ಎಎಂಡಿ ರೈಜೆನ್ 5 5600. ಆರು ಕೋರು, 65 ವಾಟ್. ಜೊತೆಗೆ ಬಿ450 ಚಿಪ್‌ಸೆಟ್ಟಿನ ಬೋರ್ಡು. ಸಾಕೆಟ್ ಒಂದೇ ಆದರೂ ಇಲ್ಲಿ ಇನ್ನೊಂದು ಕೊಕ್ಕೆ. ಬೋರ್ಡು ಹುಟ್ಟಿದ್ದು 2018ರಲ್ಲಿ, ಪ್ರೊಸೆಸರ್ ಬಂದದ್ದು 2022ರಲ್ಲಿ. ಬೋರ್ಡಿನ ಬಯೋಸ್ ಅಪ್‌ಡೇಟ್ ಆಗಿರದಿದ್ದರೆ ತನಗಿಂತ ಕಿರಿಯನನ್ನು ಅದು ಗುರುತೇ ಹಿಡಿಯುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲೆ ‘ರೈಜೆನ್ 5000 ರೆಡಿ’ ಎಂಬ ಸ್ಟಿಕ್ಕರ್ ನೋಡಿಯೇ ಕೊಳ್ಳಬೇಕು.

ರ‍್ಯಾಮಿನ ವಿಷಯಕ್ಕೆ ಬಂದಾಗ ನನಗೆ ನಿಜವಾದ ಗೌರವ ಹುಟ್ಟಿತು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳು, ಉದ್ದವೂ ಹೆಚ್ಚುಕಡಿಮೆ ಒಂದೇ. ಆದರೆ ಕೆಳಗಿನ ಅಂಚಿನಲ್ಲಿರುವ ಸಣ್ಣ ಕಚ್ಚು ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ತುಸು ಆಚೆ. ತಪ್ಪು ಸ್ಲಾಟಿಗೆ ಇಟ್ಟರೆ ಇಳಿಯುವುದೇ ಇಲ್ಲ. ಭಾವಮೈದನದ್ದು ಡಿಡಿಆರ್3. ಅದಕ್ಕೆ 240 ಸಂಪರ್ಕ, ಕಚ್ಚು ಮತ್ತೆಲ್ಲೋ. ಒಂದು ತುಂಡು ಪ್ಲಾಸ್ಟಿಕ್ಕಿನ ಅಂಚನ್ನು ಎರಡು ಮಿಲಿಮೀಟರ್ ಕೊರೆದು ‘ನಿನಗೂ ನನಗೂ ಆಗಲ್ಲ’ ಎಂದು ಮೊದಲ ಭೇಟಿಯಲ್ಲೇ ಹೇಳಿಸಿದ್ದಾರಲ್ಲ, ಆ ಎಂಜಿನಿಯರುಗಳನ್ನು ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಒಮ್ಮೆ ಕರೆಸಬೇಕು ಅನ್ನಿಸಿತು. ಅಲ್ಲಿ ಎಲ್ಲದಕ್ಕೂ ‘ನೋಡೋಣ’ ಎಂದೇ ಮೂರು ವರ್ಷ ಕಳೆಯುತ್ತಾರೆ.

ಪಟ್ಟಿ ಹಿಡಿದು ಹೊರಟದ್ದು ಎಸ್.ಪಿ. ರೋಡಿಗೆ. ಆನ್‌ಲೈನಿನಲ್ಲಿ ತರಿಸಬಹುದಿತ್ತು, ಆದರೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕಟ್ಟಿಸುವವನು ಎಸ್.ಪಿ. ರೋಡಿಗೆ ಕಾಲಿಡದಿದ್ದರೆ ಕಾಶಿಗೆ ಹೋಗಿ ಗಂಗೆ ಮುಟ್ಟದೆ ಬಂದಂತೆ ಎಂದು ಹಿರಿಯರ ಅಭಿಪ್ರಾಯ, ಹಿರಿಯರೆಂದರೆ ನಾನೇ. ಯಲಹಂಕದಿಂದ ಬಸ್ಸಿನಲ್ಲಿ ಬಿಇಎಲ್ ಸರ್ಕಲ್, ಮತ್ತಿಕೆರೆ ದಾಟಿ ಯಶವಂತಪುರ; ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಬದಲಾಯಿಸುವ ಗೋಜಿಲ್ಲದೆ ಚಿಕ್ಕಪೇಟೆ. ಯಶವಂತಪುರದಲ್ಲಿ ಇಳಿಯುವಾಗ ಮಗ ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ಕಡೆ ಕೈ ತೋರಿಸಿ, ‘ಅಪ್ಪ, ಅಲ್ಲಿ ಪರಮ್ ಪ್ರವೇಗ ಇದೆ, 3.3 ಪೆಟಾಫ್ಲಾಪ್ಸ್ ಸೂಪರ್ ಕಂಪ್ಯೂಟರ್, 2022ರಲ್ಲಿ ಹಾಕಿದ್ದು’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಅದಕ್ಕೆ ಎಸ್‌ಎಂಪಿಎಸ್ ಎಷ್ಟು ವಾಟ್ ಹಾಕಿರ್ತಾರೆ?’ ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಸದ್ಯ, ಅದರ ಬೆಲೆ ಕೇಳಲಿಲ್ಲ.

ಎಸ್.ಪಿ. ರೋಡಿನ ಅಂಗಡಿಗಳು ಮನುಷ್ಯ ನಿಲ್ಲುವುದಕ್ಕೆಂದು ಕಟ್ಟಿದವಲ್ಲ, ಡಬ್ಬಿ ಜೋಡಿಸಲು ಕಟ್ಟಿದವು. ಉಳಿದ ಸಂದಿಯಲ್ಲಿ ಗಿರಾಕಿ ನಿಲ್ಲಬೇಕು. ನಾವು ನುಗ್ಗಿದ ಅಂಗಡಿಯ ಯಜಮಾನರು ಪಟ್ಟಿ ನೋಡಿ ರ‍್ಯಾಮಿನ ಸಾಲಿಗೆ ಬಂದೊಡನೆ ನಿಟ್ಟುಸಿರಿಟ್ಟರು. ‘ಇದು ಈಗಿನ ರೇಟು ಸಾರ್. ಊಟ ಮಾಡ್ಕೊಂಡು ಬಂದ್ರೆ ಗ್ಯಾರಂಟಿ ಇಲ್ಲ.’ ಉತ್ಪ್ರೇಕ್ಷೆಯೇನಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಬೆಲೆ ಗಗನಕ್ಕೇರಿತು. ಕ್ರೂಷಿಯಲ್ ಹೆಸರಿನಲ್ಲಿ ಮನೆಬಳಕೆಯ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಆ ವ್ಯಾಪಾರವನ್ನೇ ಬಿಡುತ್ತೇವೆಂದು ಸಾರಿತು. ಎಲ್ಲೋ ಯಾರೋ ಕೃತಕ ಬುದ್ಧಿಯ ಹತ್ತಿರ ರಜಾ ಅರ್ಜಿ ಬರೆಸಿಕೊಂಡದ್ದಕ್ಕೆ ಯಲಹಂಕದ ನಾನು ದುಡ್ಡು ತೆರುವುದು!

ಇದರಿಂದ ಬಜೆಟ್ಟಿನಲ್ಲಿ ತೂತು ಬಿದ್ದದ್ದನ್ನು ಕಂಡ ಯಜಮಾನರು ಪರಿಹಾರ ಸೂಚಿಸಿದರು. ನಮ್ಮ ಪಟ್ಟಿಯಲ್ಲಿದ್ದ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡಿನ ಬದಲು ಅಗ್ಗದ 6500 ಎಕ್ಸ್‌ಟಿ. ‘ಇದೇ ಬೋರ್ಡಿಗೆ ಆರಾಮಾಗಿ ಕೂರುತ್ತೆ ಸಾರ್.’

‘ಕೂರುತ್ತೆ ಅಂಕಲ್, ಆದರೆ ಓಡಲ್ಲ’ ಎಂದ ಮಗ.

ಇಡೀ ವ್ಯವಹಾರದ ಮರ್ಮ ನನಗೆ ತಿಳಿದದ್ದು ಆ ಸಂದಿಯಲ್ಲಿ, ಯಾರದೋ ಕೀಬೋರ್ಡ್ ಡಬ್ಬಿ ಬೆನ್ನಿಗೆ ಒತ್ತುತ್ತಿದ್ದಾಗ. ಕಾರ್ಡು ಹಾಕುವ ಸ್ಲಾಟಿನಲ್ಲಿ ಹದಿನಾರು ಲೇನುಗಳಿವೆ. 6500 ಎಕ್ಸ್‌ಟಿ ಬಳಸುವುದು ನಾಲ್ಕೇ ನಾಲ್ಕು. ಪಿಸಿಐಇ 4.0 ಇರುವ ಬೋರ್ಡಿನಲ್ಲಿ ಆ ನಾಲ್ಕರಲ್ಲೇ ಸೆಕೆಂಡಿಗೆ ಸುಮಾರು 8 ಜಿಬಿ ಹರಿಯುತ್ತದೆ, ಬಿ450ಯಂಥ 3.0 ಬೋರ್ಡಿನಲ್ಲಿ ಅದರ ಅರ್ಧ. ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ. ಆಟ ದೊಡ್ಡದಾಗಿ ಅದು ತುಂಬಿತೋ, ಉಳಿದದ್ದನ್ನು ಆ ಕಿರುದಾರಿಯಲ್ಲೇ ಹೊತ್ತು ತರಬೇಕು. ವಿಮಾನ ನಿಲ್ದಾಣದ ಅಗಲ ರಸ್ತೆಯಲ್ಲಿ ಹಾರಿಕೊಂಡು ಬಂದ ಕಾರುಗಳೆಲ್ಲ ಹೆಬ್ಬಾಳದ ಮೇಲ್ಸೇತುವೆಯ ಬಾಯಲ್ಲಿ ಒತ್ತರಿಸಿಕೊಳ್ಳುವುದನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. 6600 ಕಾರ್ಡಿಗೆ ಎಂಟು ಲೇನು, 8 ಜಿಬಿ. ಹಳೇ ಬೋರ್ಡಿನಲ್ಲಿ ಅದಕ್ಕಾಗುವ ನಷ್ಟ ಅಲ್ಪ.

ಅಂದರೆ ಬಿಡಿಭಾಗಗಳಲ್ಲಿ ಎರಡು ಜಾತಿ. ಸಾಕೆಟ್ಟು, ರ‍್ಯಾಮಿನ ಕಚ್ಚು ಇವು ಮುಖದ ಮೇಲೆ ಬಾಗಿಲು ಹಾಕುವವು. ಇವುಗಳಿಂದ ಅಪಾಯವಿಲ್ಲ, ಅಂಗಡಿಗೆ ಹಿಂತಿರುಗಿಸಿ ಬಂದರಾಯಿತು. ಇನ್ನೊಂದು ಜಾತಿಯವು ಒಳಗೆ ಬಂದು, ಕಾಫಿ ಕುಡಿದು, ನಗುನಗುತ್ತಾ ಅಡ್ಜಸ್ಟ್ ಮಾಡಿಕೊಳ್ಳುವವು. 3200ರ ವೇಗದ ರ‍್ಯಾಮ್ ಕೊಂಡರೆ, ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡುವ ತನಕ ಅದು ಸದ್ದಿಲ್ಲದೆ ಕಡಿಮೆ ವೇಗದಲ್ಲಿ ಕುಂಟುತ್ತಿರುತ್ತದೆ. ಎರಡು ಬೇರೆ ವೇಗದ ರ‍್ಯಾಮ್ ಹಾಕಿದರೆ ಚುರುಕಿನದು ಮಂದದ ಹೆಜ್ಜೆಗೆ ಇಳಿಯುತ್ತದೆ. 144 ಹರ್ಟ್ಸಿನ ಮಾನಿಟರು ವಿಂಡೋಸಿನಲ್ಲಿ ಬದಲಾಯಿಸದಿದ್ದರೆ 60ರಲ್ಲೇ ವರ್ಷಗಟ್ಟಲೆ ಸಂಸಾರ ಮಾಡುತ್ತದೆ. ಒಂದೂ ದೂರುವುದಿಲ್ಲ, ಒಂದೂ ಬೀಪ್ ಎನ್ನುವುದಿಲ್ಲ. ದುಡ್ಡು ಪೂರ್ತಿ ಕೊಟ್ಟು ಅರ್ಧ ಪಡೆದವನಿಗೆ ಅದು ಗೊತ್ತೇ ಆಗುವುದಿಲ್ಲ. ಹೊಂದಿಕೊಂಡು ಹೋಗುವುದೇ ದೊಡ್ಡ ಗುಣ ಎಂದು ನಂಬಿದ್ದ ನನಗೆ ಇದು ನುಂಗಲು ಕಷ್ಟವಾಯಿತು. ‘ನಿಮ್ಮ ಆಫೀಸಲ್ಲೂ ಹಿಂಗೇ ಇರ್ತಾರಾ?’ ಎಂದು ಮಗ ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ.

ಕ್ಯಾಬಿನೆಟ್ ಜೊತೆಗೆ ಎಸ್‌ಎಂಪಿಎಸ್ ಫ್ರೀ ಎಂದರು. ಫ್ರೀ ಎಂದ ಕೂಡಲೇ ಚುರುಕಾಗುವ ನನ್ನ ಕಿವಿಯನ್ನು ಮಗ ಗಮನಿಸಿ ತಡೆದ. ಹಳೆಯದು ‘ಟಪ್’ ಎಂದದ್ದೂ ಫ್ರೀ ಬಂದದ್ದೇ. ಲೆಕ್ಕ ಹಾಕಿದ: ಪ್ರೊಸೆಸರಿಗೆ 65 ವಾಟ್, ಕಾರ್ಡಿಗೆ 132, ಮಿಕ್ಕವಕ್ಕೆ ಒಂದಿಷ್ಟು. ಕಾರ್ಡಿಗೆ 450 ವಾಟಿನದು ಸಾಕೆಂದು ಎಎಂಡಿಯವರೇ ಹೇಳುತ್ತಾರೆ. ಇವನು 550ರ 80 ಪ್ಲಸ್ ಬ್ರಾಂಜ್ ಹಿಡಿದ. ಮಾವನ ಅಟ್ಟದ ಎಸ್‌ಎಂಪಿಎಸ್ ಮೇಲೆ 450 ಎಂದು ಅಚ್ಚಾಗಿದೆ ನಿಜ, ಆದರೆ ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ವೈರೇ ಅದಕ್ಕಿಲ್ಲ. ಮನೆಯ ಯುಪಿಎಸ್ಸಿನ ಮೇಲೆ 600 ಎಂದು ದಪ್ಪಕ್ಷರದಲ್ಲಿದೆ. ಅದು ವಿಎ, ವಾಟ್ ಅಲ್ಲ, ವಾಟಿನಲ್ಲಿ 360. ನಮ್ಮ ಯಲಹಂಕದಲ್ಲಿ 370 ಮೆಗಾವಾಟಿನ ಅನಿಲ ವಿದ್ಯುತ್ ಸ್ಥಾವರವೇ ಇದ್ದರೂ ಮನೆಯೊಳಗೆ ಇಂಥ ಚಿಲ್ಲರೆ ಲೆಕ್ಕ ತಪ್ಪಲಿಲ್ಲ.

ಲೈಟಿನ ವಿಷಯದಲ್ಲಿ ಮಾತ್ರ ರಂಪವಾಯಿತು. ಗೇಮಿಂಗ್ ಕ್ಯಾಬಿನೆಟ್ಟಿನ ಫ್ಯಾನುಗಳಲ್ಲಿ ಬಣ್ಣಬಣ್ಣದ ದೀಪ ಇರಲೇಬೇಕಂತೆ, ಇಲ್ಲದಿದ್ದರೆ ಆಟ ನಿಧಾನವಾಗುತ್ತದೋ ಏನೋ. ಅದರಲ್ಲೂ ಎರಡು ಪಂಗಡ. 12 ವೋಲ್ಟಿನ ನಾಲ್ಕು ಪಿನ್ನಿನದು, 5 ವೋಲ್ಟಿನ ಮೂರು ಪಿನ್ನಿನದು. ಐದರದ್ದನ್ನು ಹನ್ನೆರಡಕ್ಕೆ ಒತ್ತಾಯದಿಂದ ಸಿಕ್ಕಿಸಿದರೆ ದೀಪ ಸುಟ್ಟೇ ಹೋಗುತ್ತದೆ. ನಾವು ಕೊಂಡ ಬೋರ್ಡಿನಲ್ಲಿದ್ದದ್ದು ಹನ್ನೆರಡರದ್ದು, ಮಗ ಮೆಚ್ಚಿದ ಫ್ಯಾನು ಐದರದ್ದು. ಮಧ್ಯೆ ಕಂಟ್ರೋಲರ್ ಅಂತ ಇನ್ನೊಂದು ಡಬ್ಬಿ ಬೇಕೆಂದರು. ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ನನ್ನಾಕೆ, ‘ಏನ್ರೀ, ಆಯುಧಪೂಜೆಗೆ ತಂದ ಸೀರಿಯಲ್ ಸೆಟ್ ಇದೆಯಲ್ಲ, ಅದನ್ನೇ ಸುತ್ತಿದ್ರೆ ಆಗಲ್ವಾ?’ ಎಂದಳು. ಸ್ಪೀಕರ್ ಆನ್ ಇತ್ತು. ಅಂಗಡಿಯ ಯಜಮಾನರು ಬಹಳ ದಿನದ ಮೇಲೆ ನಕ್ಕಂತೆ ಕಂಡರು. ಕಂಟ್ರೋಲರ್ ಮೇಲೆ ನೂರು ರೂಪಾಯಿ ಬಿಟ್ಟರು.

ಶೇ 18ರ ಜಿಎಸ್‌ಟಿಯೂ ಸೇರಿ ಒಟ್ಟು ಮೊತ್ತ ಅಂಗೀಕೃತ ಬಜೆಟ್ಟನ್ನು ಮೀರಿತು. ಎಷ್ಟು ಎಂಬುದನ್ನು ಈ ಪತ್ರಿಕೆ ನಮ್ಮ ಮನೆಗೂ ಬರುವುದರಿಂದ ಇಲ್ಲಿ ಬರೆಯಲಾಗುವುದಿಲ್ಲ.

ಭಾನುವಾರ ಭಾವಮೈದ ಬಂದ. ಗಾಜಿನ ಕ್ಯಾಬಿನೆಟ್ಟಿನ ಮುಂದೆ ಕೂತು ಬಣ್ಣ ಬದಲಾಗುವುದನ್ನು ಒಂದು ಲೋಟ ಕಾಫಿ ಮುಗಿಯುವ ತನಕ ನೋಡಿ, ‘ಚೆನ್ನಾಗಿದೆ’ ಎಂದ. ಆಟ ತೋರಿಸು ಎಂದದ್ದಕ್ಕೆ ಮಗ, ರೆಡ್ ಡೆಡ್ ರಿಡೆಂಪ್ಷನ್ 2 ಡೌನ್‌ಲೋಡ್ ಆಗ್ತಿದೆ, 150 ಜಿಬಿ, ಸ್ವಲ್ಪ ತಡವಾಗುತ್ತೆ ಎಂದ. ಹೊರಡುವಾಗ ಭಾವಮೈದನ ಕಣ್ಣು ಮಂಚದ ಕೆಳಗೆ ಬಿತ್ತು. ‘ಆ ಹಳೇದನ್ನ ಏನು ಮಾಡ್ತೀರ ಭಾವ? ಗುಜರಿಗೆ ಹಾಕೋದಾದ್ರೆ ನಂಗೆ ಕೊಡಿ.’ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದ.

ರಾತ್ರಿ ಊಟದ ಹೊತ್ತಿಗೆ ಫೋನ್ ಬಂತು. 2012ರ ಆ ಬೋರ್ಡಿಗೆ ಅವನ ಅಟ್ಟದ ಎಸ್‌ಎಂಪಿಎಸ್ಸಿನ ಪಿನ್ನುಗಳೆಲ್ಲ ಸರಿಯಾಗಿ ಸೇರಿದವಂತೆ. ಡಿಡಿಆರ್3 ರ‍್ಯಾಮ್ ಖಾಲಿ ಸ್ಲಾಟಿನಲ್ಲಿ ‘ಟಕ್’ ಎಂದು ಕೂತಿತಂತೆ, ಕಚ್ಚು ಕರಾರುವಾಕ್ಕು. ಹೊಸ ಗ್ರಾಫಿಕ್ಸ್ ಕಾರ್ಡು ಮೂಸಿಯೂ ನೋಡದ ವಿಜಿಎ ಮಾನಿಟರಿಗೆ ಹಿಂದುಗಡೆ ನೀಲಿ ಪೋರ್ಟು ಕಾದಿತ್ತಂತೆ. ಎಂದೋ ತಂದಿಟ್ಟಿದ್ದ ವೈಸ್ ಸಿಟಿ ಆಟದ ಸಿ.ಡಿ.ಯನ್ನೂ ಹಾಕಿ ಆಗಲೇ ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದಾನೆ, ಹಿನ್ನೆಲೆಯಲ್ಲಿ ಸೈರನ್ ಕೇಳಿಸುತ್ತಿತ್ತು.

‘ಒಟ್ಟು ಖರ್ಚು ಆಟೋ ಚಾರ್ಜು ಮಾತ್ರ ಭಾವ’ ಎಂದ. ‘ನಿಮ್ಮದು ಹೇಗೆ ಓಡ್ತಿದೆ?’

‘61 ಪರ್ಸೆಂಟ್ ಆಗಿದೆ’ ಎಂದೆ.