ಮೇಷ್ಟ್ರೇ, ತಪ್ಪೆಲ್ಲ ನಿಮ್ಮದೇ

ಬೇಗೂರಿನ ಪೂಜ್ಯ ಮೇಷ್ಟ್ರಿಗೆ,

ಮನೆಗೇ ಬಂದು ಬೈದರೆ ನೀವು ನಕ್ಕು ಕಾಫಿ ಕೊಟ್ಟುಬಿಡುತ್ತೀರಿ. ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನನ್ನ ಚೊಚ್ಚಲ ಪಾಡ್‌ಕಾಸ್ಟ್ ಸಂದರ್ಶನ ಮಣ್ಣುಪಾಲಾಗಲು ನೀವೇ ಕಾರಣ.

ಹತ್ತಕ್ಕೆ ಬನ್ನಿ ಅಂದರೆ ಹತ್ತಕ್ಕೇ ಬಂದಿರಿ. ಬೆಂಗಳೂರಲ್ಲಿ ಯಾರಾದರೂ ಹೀಗೆ ಮಾಡುತ್ತಾರೆಯೇ? ನಾನಿನ್ನೂ ಕಿಟಕಿಗೆ ರಗ್ಗು ಕಟ್ಟುತ್ತಿದ್ದೆ. ಮಾತು ಗೋಡೆಗೆ ಬಡಿದು ಗುಂಯ್‌ಗುಡದಿರಲೆಂದು ಹಾಸಿಗೆ ಎತ್ತಿ ನಿಲ್ಲಿಸಿ, ಫ್ಯಾನ್ ಆರಿಸಿ, ಫ್ರಿಜ್ಜಿನ ಸ್ವಿಚ್ಚೂ ತೆಗೆದು ಕೂರುವ ಹೊತ್ತಿಗೆ ನೀವು ಬೆವರಿ ತೊಪ್ಪೆಯಾಗಿದ್ದಿರಿ. ಮೇಲೆ ಗಂಜಿ ಹಾಕಿದ ಖಾದಿ ಅಂಗಿ ಬೇರೆ! ಕಾಲರ್ ಮೈಕು ಅದಕ್ಕೆ ಉಜ್ಜಿ ಉಜ್ಜಿ, ಉದ್ದಕ್ಕೂ ಯಾರೋ ಹಪ್ಪಳ ಮುರಿಯುತ್ತಿರುವಂತೆ ಕೇಳುತ್ತದೆ.

ದನಿಯ ಮಟ್ಟ ನೋಡಲು "ಬೆಳಗ್ಗೆ ಏನು ತಿಂಡಿ ಸಾರ್?" ಅಂದೆ. ಉಪ್ಪಿಟ್ಟು ಅಂದಿದ್ದರೆ ಮುಗಿಯುತ್ತಿತ್ತು. ನೀವೋ, ಚಿಕ್ಕಂದಿನಲ್ಲಿ ನಾಗೇಶ್ವರನ ಗುಡಿಯಂಗಳದಲ್ಲಿ ಕಲ್ಲಿಗೆ ಒರಗಿ ರಾಗಿರೊಟ್ಟಿ ತಿಂದದ್ದು, ಎದ್ದಾಗ ಹಳಗನ್ನಡ ಅಕ್ಷರ ಬೆನ್ನ ಮೇಲೆ ಒತ್ತಿಕೊಂಡಿರುತ್ತಿದ್ದದ್ದು, ಅಮ್ಮ ಅದನ್ನು ಗಜಕರ್ಣವೆಂದು ತಿಳಿದು ಬೇವಿನೆಣ್ಣೆ ಹಚ್ಚಿದ್ದು ಎಲ್ಲ ಹೇಳಿದಿರಿ. ನಾನಿನ್ನೂ ರೆಕಾರ್ಡಿಂಗ್ ಗುಂಡಿ ಒತ್ತಿರಲಿಲ್ಲ. ಒತ್ತಿದ ಮೇಲೆ "ಅದನ್ನೇ ಇನ್ನೊಂದ್ಸಲ" ಅಂದರೆ, "ರೊಟ್ಟಿ ತಿಂತಿದ್ವಿ ಕಣಪ್ಪ" ಅಂದು ಸುಮ್ಮನಾದಿರಿ.

ಆಮೇಲೆ ಆರು ನಿಮಿಷ ನನ್ನ ಪೀಠಿಕೆ. ಮನೆಯ ಕೋಣೆಯಿಂದಲೇ ನಾಡಿಗೆ ಮಾತು ಮುಟ್ಟಿಸುವ ಸಾಹಸ ಇದೇ ಮೊದಲು ಎಂದೆ. 1935ರಲ್ಲೇ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ನಡೆಸಿದ್ದರು ಎಂದು ನೀವು ಮೆಲ್ಲಗೆ ಅಂದಿರಿ. ಅತಿಥಿ ಹೀಗೆ ಮಾನ ಕಳೆಯಬಹುದೇ? ಅದನ್ನು ಕತ್ತರಿಸಿ ಎಸೆದೆ.

"ನಿಮ್ಮ ಜರ್ನಿ ಬಗ್ಗೆ ಹೇಳಿ ಸಾರ್."

"ಕೆರೆ ಏರಿ ಮೇಲೆ ನಡ್ಕೊಂಡೇ ಬಂದೆ. ಕಾಲು ಗಂಟೆ."

ಇಂಥವರ ಜೊತೆ ಏಗುವುದು ಹೇಗೆ? ಮಾತಿಗೆ ಕಳೆ ಬರಲೆಂದು, ಬೆಂಗಳೂರಿಗೆ ಹೆಸರು ಬಂದ ಬಗ್ಗೆ ಹೇಳುವ ವೀರಬಲ್ಲಾಳ, ಅಜ್ಜಿ, ಬೆಂದ ಕಾಳಿನ ಕಥೆಯನ್ನು ರಾಗವಾಗಿ ಹೇಳಿದೆ. ನೀವು ಕೆಮ್ಮಿದಿರಿ. "ಅದಕ್ಕಿಂತ ಮುನ್ನೂರು ವರ್ಷ ಮೊದಲೇ, ಸುಮಾರು 890ರಲ್ಲಿ, ನಮ್ಮ ಗುಡಿಯ ಕಲ್ಲಲ್ಲೇ ‘ಬೆಂಗಳೂರ ಕಾಳಗ’ ಅಂತ..." ಅಷ್ಟರಲ್ಲಿ ನಾನು "ಸೂಪರ್ ಸಾರ್! ಕೇಳುಗರೇ, ಬೆಲ್ ಒತ್ತೋದು ಮರೀಬೇಡಿ" ಅಂದೆ. ಇಬ್ಬರ ದನಿಯೂ ಒಂದೇ ಟ್ರ್ಯಾಕಿಗೆ ಬಿದ್ದಿದೆ; ನನ್ನ ಸೂಪರನ್ನು ಕಿತ್ತರೆ ನಿಮ್ಮ ಕಾಳಗವೂ ಕಿತ್ತು ಬರುತ್ತದೆ. ಆ ಕಾಳಗದಲ್ಲಿ ಸತ್ತದ್ದು ಅದೇ ಕಲ್ಲಿನಲ್ಲಿ ಹೆಸರಿರುವ ನಾಗತ್ತರನ ಕಡೆಯವರು ಎಂಬುದನ್ನು ನಾನು ಆಮೇಲೆ ಗುಡಿಗೆ ಹೋಗಿ ತಿಳಿದುಕೊಳ್ಳಬೇಕಾಯಿತು. ಒಂದು ಗಂಟೆ ಎದುರಿಗೆ ಕೂತಿದ್ದವರು ಹೇಳಬಾರದಿತ್ತೇ?

ಪ್ರಶ್ನೆ ಕೇಳಿದ ಮೇಲೆ ನೀವು ಯೋಚಿಸುತ್ತೀರಿ, ಅದೊಂದು ಕೆಟ್ಟ ಚಾಳಿ. ನಾಲ್ಕು ಸೆಕೆಂಡಿನ ಮೌನವೆಂದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಉತ್ತರವನ್ನೂ ನಾನೇ ಕೊಟ್ಟುಬಿಟ್ಟೆ. ಲೆಕ್ಕ ಹಾಕಿದೆ: 62 ನಿಮಿಷದಲ್ಲಿ ನನ್ನದು 44, ನಿಮ್ಮದು 11. ಮಿಕ್ಕದ್ದು ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗಿನ ಹಾಡು. ಕೇಳಿದ ಒಂಬತ್ತು ಮಂದಿಯಲ್ಲಿ ನಮ್ಮ ಅತ್ತೆಯೊಬ್ಬರು ಅದನ್ನೇ ಮೆಚ್ಚಿಕೊಂಡಿದ್ದಾರೆ.

ಭಾನುವಾರ ಇನ್ನೊಮ್ಮೆ ಬನ್ನಿ. ಇಬ್ಬರಿಗೂ ಬೇರೆ ಬೇರೆ ಮೈಕು, ಬೇರೆ ಬೇರೆ ಟ್ರ್ಯಾಕು. ಮೆತ್ತನೆ ಅಂಗಿ ಹಾಕಿಕೊಳ್ಳಿ. ನೀವು ಚಪ್ಪಲಿ ಬಿಡುವ ಮೊದಲೇ ಗುಂಡಿ ಒತ್ತಿರುತ್ತೇನೆ. ಹೋದ ಸಲ ಫ್ರಿಜ್ ಹಾಕುವುದು ಮರೆತು ಎರಡು ಲೀಟರ್ ಹಾಲು ಒಡೆಯಿತು, ಮನೆಯಾಕೆ ಇನ್ನೂ ಮಾತಾಡುತ್ತಿಲ್ಲ. ಈ ಸಲ ಸ್ಕೂಟರ್ ಕೀ ಫ್ರಿಜ್ಜಿನೊಳಗೇ ಇಡುತ್ತೇನೆ. ನಿಮ್ಮನ್ನು ಮನೆಗೆ ಬಿಡಲು ಹೇಗೂ ಬೇಕಲ್ಲ.

ಇಂತಿ ನಿಮ್ಮ,
ಬಾಯಿಬಡುಕ ಶಿಷ್ಯ