ಲಾರಿಯನ್ನು ರೈಲು ಹತ್ತಿಸುವ ಕೈಪಿಡಿ: ವೆರ್ಣಾ ಆವೃತ್ತಿ

ಪರಿಚಯ

ಇದು ಕೊಂಕಣ ರೈಲ್ವೆಯ ರೋ-ರೋ (ರೋಲ್ ಆನ್, ರೋಲ್ ಆಫ್) ಸೇವೆ. ಲಾರಿ ನಿಮ್ಮದು, ಸ್ಟಿಯರಿಂಗ್ ನಿಮ್ಮ ಕೈಯಲ್ಲಿದೆ, ಆದರೂ ಓಡಿಸುವವರು ನೀವಲ್ಲ. ಇಂಥ ಯೋಗ ಜೀವನದಲ್ಲಿ ಎಲ್ಲರಿಗೂ ಬರುವುದಿಲ್ಲ. ಬಂದವರಿಗೆ ಅದನ್ನು ಅನುಭವಿಸುವ ಕ್ರಮ ಗೊತ್ತಿರುವುದಿಲ್ಲ. ಅದಕ್ಕಾಗಿ ಈ ಕೈಪಿಡಿ.

ಸೇವೆ ಹೊಸದೇನಲ್ಲ. 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್‌ಗೂ ಗೋವಾದ ವೆರ್ಣಾಕ್ಕೂ ನಡುವೆ ಇದು ಶುರುವಾಯಿತು. 2004ರಲ್ಲಿ ವೆರ್ಣಾದಿಂದ ನಮ್ಮ ಸುರತ್ಕಲ್‌ವರೆಗೆ ಬೆಳೆಯಿತು. ಸರಕು ತುಂಬಿದ ಲಾರಿಯನ್ನು ಚಾಲಕ, ಕ್ಲೀನರ್ ಸಮೇತ ಬಯಲು ವ್ಯಾಗನ್ನಿನ ಮೇಲೆ ನಿಲ್ಲಿಸಿ ಕಟ್ಟಿ ಒಯ್ಯುವುದು ಇದರ ಕೆಲಸ. ಕರಾವಳಿ ಹೆದ್ದಾರಿಯ ತಿರುವು, ಮಳೆಗಾಲದ ಹೊಂಡ, ಡೀಸೆಲ್, ಟೈರು, ನಿದ್ದೆಗೆಟ್ಟ ಕಣ್ಣು, ಇಷ್ಟನ್ನೂ ಒಂದೇ ಚೀಟಿಯಲ್ಲಿ ಉಳಿಸುವ ಉಪಾಯ.

ಸುರತ್ಕಲ್‌ನಿಂದ ಕೋಲಾಡ್‌ಗೆ ಸುಮಾರು 720 ಕಿಲೋಮೀಟರ್. ಆ ದೂರವನ್ನು ರೈಲಿನ ಇಂಜಿನ್ ನೋಡಿಕೊಳ್ಳುತ್ತದೆ, ಆ ಕುರಿತು ಇಲ್ಲಿ ಹೆಚ್ಚು ಹೇಳಿಲ್ಲ. ಪುಟಗಳೆಲ್ಲ ಖರ್ಚಾಗಿರುವುದು ನೆಲದಿಂದ ವ್ಯಾಗನ್ನಿಗೆ, ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟುವ ಸಂದಿಗಳ ಮೇಲೆ. ಸಾಗುವುದನ್ನು ಯಾರು ಬೇಕಾದರೂ ಕಲಿಯಬಹುದು, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವುದೇ ವಿದ್ಯೆ.

ಬೇಕಾಗುವ ಸಾಮಾನು

ಒಂದು: ಲಾರಿ. ದಾಖಲೆ ಸಮೇತ.

ಎರಡು: ಚಾಲಕ ಒಬ್ಬ, ಕ್ಲೀನರ್ ಒಬ್ಬ. ಕ್ಲೀನರನ ಭಾವ, ಭಾವನ ಗೆಳೆಯ ಈ ಪಟ್ಟಿಯಲ್ಲಿಲ್ಲ.

ಮೂರು: ಗೋಡೆಯಿಲ್ಲದ, ಮಾಡಿಲ್ಲದ, ಬರೀ ನೆಲ ಮಾತ್ರ ಇರುವ ಬಯಲು ವ್ಯಾಗನ್ನುಗಳ ಸಾಲು.

ನಾಲ್ಕು: ನೆಲದಿಂದ ವ್ಯಾಗನ್ನಿನ ಮಟ್ಟಕ್ಕೆ ಏರುವ ರ‍್ಯಾಂಪ್. ವ್ಯಾಗನ್ನುಗಳ ನಡುವಿನ ಸಂದಿಗೆ ಹಾಸುವ ಉಕ್ಕಿನ ಹಲಗೆಗಳು.

ಐದು: ಸರಪಳಿ, ಚಕ್ರಕ್ಕೆ ಕೊಡುವ ಬೆಣೆ. ದಾರಿಯಲ್ಲಿ ಹೆಕ್ಕಿದ ಕಲ್ಲು ಬೆಣೆಯಲ್ಲ.

ಆರು: ಟಾರ್ಪಾಲು. ಹಗ್ಗ ಬಿಗಿಯಾಗಿದೆ ಎಂದು ಕ್ಲೀನರ್ ಆಣೆ ಹಾಕುತ್ತಾನೆ. ಆಣೆಯನ್ನು ಗೌರವಿಸಿ, ಹಗ್ಗವನ್ನು ಎಳೆದು ನೋಡಿ.

ಮೊದಲನೇ ಹಂತ: ಅಳತೆ

ಲಾರಿಯ ತೂಕವನ್ನೂ ಎತ್ತರವನ್ನೂ ನೋಡಿಸಿ. ತೂಕಕ್ಕಿಂತ ಎತ್ತರ ಅಪಾಯದ್ದು. ರಸ್ತೆಯ ಮೇಲೆ ಸಾಧಾರಣವಾಗಿ ಕಾಣುವ ಲಾರಿ ವ್ಯಾಗನ್ನಿನ ಮೇಲೆ ನಿಂತಾಗ ಒಮ್ಮೆಲೇ ಎತ್ತರದ ಆಸಾಮಿಯಾಗುತ್ತದೆ. ಮೊದಲು ಸುರಂಗದ ಚಾವಣಿಯೊಂದನ್ನು ನೋಡಿಕೊಂಡರೆ ಸಾಕಿತ್ತು. ಇಡೀ ಕೊಂಕಣ ಮಾರ್ಗದ ವಿದ್ಯುದೀಕರಣ ಮುಗಿದು 2022ರ ಜೂನ್‌ನಲ್ಲಿ ಲೋಕಾರ್ಪಣೆಯಾದ ಮೇಲೆ ತಲೆಯ ಮೇಲೆ 25,000 ವೋಲ್ಟಿನ ತಂತಿಯೂ ಇದೆ. ಹೆದ್ದಾರಿಯಲ್ಲಿ ಲೋಡು ಎತ್ತರವಾದರೆ ತಡೆದವರೊಂದಿಗೆ ಮಾತಾಡಿ ಮುಂದೆ ಹೋಗುವ ಪದ್ಧತಿ ಇರಬಹುದು. ತಂತಿಗೆ ಮಾತು ಬರುವುದಿಲ್ಲ. ಅದು ಮುಟ್ಟುವವರೆಗೆ ಕಾಯುವುದೂ ಇಲ್ಲ, ಹತ್ತಿರ ಹೋದರೆ ಸಾಕು ಹಾರಿ ಹಿಡಿಯುತ್ತದೆ.

ಆದ್ದರಿಂದ ಲೋಡಿನ ಮೇಲೆ ಯಾವ ಕಾರಣಕ್ಕೂ ಹತ್ತಬೇಡಿ. ಟಾರ್ಪಾಲು ಸರಿಮಾಡಲು, ಬಟ್ಟೆ ಒಣಹಾಕಲು, ಮೊಬೈಲಿಗೆ ಸಿಗ್ನಲ್ ಹುಡುಕಲು, ಯಾವುದಕ್ಕೂ ಬೇಡ.

ಎರಡನೇ ಹಂತ: ಹತ್ತಿಸುವುದು

ಸಾಲಿನ ಮೊದಲ ಲಾರಿ ರ‍್ಯಾಂಪ್ ಏರಿ, ಖಾಲಿ ವ್ಯಾಗನ್ನುಗಳ ಮೇಲೆ ಒಂದೊಂದಾಗಿ ಸಂದಿ ದಾಟುತ್ತ ಆ ತುದಿಯವರೆಗೆ ಹೋಗಬೇಕು. ಎರಡನೆಯದು ಅದರ ಹಿಂದೆ. ಕೊನೆಯ ಲಾರಿಗೆ ಮಾತ್ರ ದಾರಿ ಹತ್ತಿರ. ಎರಡೂ ಬದಿಗೆ ಉಳಿಯುವ ಜಾಗ ಗೇಣಷ್ಟು. ಕ್ಲೀನರ್ ಮುಂದೆ ನಿಂತು ಹಿಮ್ಮುಖವಾಗಿ ನಡೆಯುತ್ತಾನೆ.

“ಬರ್ಲಿ ಅಣ್ಣಾ, ಬರ್ಲಿ, ಬರ್ಲಿ… ಸ್ವಲ್ಪ ಲೆಫ್ಟ್ ಒಡಿ… ಸೀದಾ ಬಾ… ಹೋಲ್ಡ್!”

“ಎಷ್ಟುಂಟು ಮಾರಾಯಾ ಆಚೆ ಬದಿ?”

“ಬೇಕಾದಷ್ಟುಂಟು, ನೀನು ಬಾ!”

‘ಬೇಕಾದಷ್ಟು’ ಎಂಬುದು ಅಳತೆಯ ಮಾನವಲ್ಲ. ಇಳಿದು ನೋಡಿ.

ಇನ್ನು ಸಂದಿಯ ಶಾಸ್ತ್ರ. ಲಾರಿಯ ಮುಂದಿನ ಚಕ್ರ ಹಲಗೆ ದಾಟಿ ಹೊಸ ವ್ಯಾಗನ್ನಿನ ಮೇಲೆ ಭಾರ ಊರಿದ ಕೂಡಲೇ ಆ ವ್ಯಾಗನ್ನಿನ ಸ್ಪ್ರಿಂಗ್ ತುಸು ತಗ್ಗುತ್ತದೆ. ಹಿಂದಿನದು ಹಗುರಾಗಿ ತುಸು ಏಳುತ್ತದೆ. ಅಂದರೆ ನೀವು ದಾಟುತ್ತಿರುವಾಗಲೇ ದಡ ಕದಲುತ್ತಿರುತ್ತದೆ. ವೇಗವಾಗಿ ಹೋದರೆ ಹಲಗೆ ಜಿಗಿಯುತ್ತದೆ, ಲೋಡು ಕುಲುಕುತ್ತದೆ. ಫಸ್ಟ್ ಗೇರಿನಲ್ಲಿ, ಕ್ಲಚ್ಚಿನ ಮೇಲೆ ಕಾಲಿಟ್ಟು ನಾಚದೆ ತೆವಳಿ.

ಬಾಟಲಿ ತುಂಬುವ ಕಾರ್ಖಾನೆಗಳಲ್ಲೂ ಇದೇ ತತ್ವ. ಒಂದು ಬೆಲ್ಟಿನಿಂದ ಇನ್ನೊಂದು ಬೆಲ್ಟಿಗೆ ಬಾಟಲಿ ದಾಟುವ ಜಾಗದಲ್ಲಿ ಪಡೆಯುವ ಬೆಲ್ಟ್ ನಿಧಾನವಾದರೆ ಬಾಟಲಿಗಳು ಒಂದಕ್ಕೊಂದು ಮುಗಿಬೀಳುತ್ತವೆ, ಜೋರಾದರೆ ಕಾಲು ಜಾರಿ ಮಗುಚುತ್ತವೆ. ಕೊಡುವವನೂ ಪಡೆಯುವವನೂ ದಾಟುವ ಆ ಒಂದು ಕ್ಷಣಕ್ಕಾದರೂ ಸಮ ವೇಗದಲ್ಲಿರಬೇಕು. ಇದನ್ನು ಸಾಧಿಸಲು ಅಲ್ಲಿ ಸೆನ್ಸರು, ಮೋಟರು, ಗಣಕಯಂತ್ರ ಎಲ್ಲ ಇಟ್ಟಿದ್ದಾರೆ. ರೋ-ರೋದವರು ಲೆಕ್ಕವನ್ನು ಸರಳ ಮಾಡಿಕೊಂಡರು: ಪಡೆಯುವವನ ವೇಗವನ್ನು ಸೊನ್ನೆ ಮಾಡಿಬಿಟ್ಟರು. ರೈಲು ನಿಂತಿರುತ್ತದೆ, ಲಾರಿ ಸುಮಾರಾಗಿ ನಿಂತ ಹಾಗೆಯೇ ಚಲಿಸುತ್ತದೆ. ಬೆಲೆ ತೆರುವುದು ಗಡಿಯಾರ.

ಮೂರನೇ ಹಂತ: ಕಟ್ಟುವುದು

ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ, ಚಕ್ರಕ್ಕೆ ಬೆಣೆ, ಲಾರಿಗೆ ಸರಪಳಿ. ಇಷ್ಟೂ ಯಾಕೆಂದರೆ ಲಾರಿಗೆ ತನ್ನದೇ ಸ್ಪ್ರಿಂಗ್ ಇದೆ, ಅದರ ಕೆಳಗೆ ವ್ಯಾಗನ್ನಿಗೆ ತನ್ನದೇ ಸ್ಪ್ರಿಂಗ್ ಇದೆ. ರೈಲು ಒಂದು ಲಯದಲ್ಲಿ ತೂಗಿದರೆ ಲಾರಿ ಇನ್ನೊಂದು ಲಯದಲ್ಲಿ ತೂಗುತ್ತದೆ. ಎರಡೂ ಎಲ್ಲಿಯಾದರೂ ತಾಳ ಕೂಡಿದರೆ ಲೋಡು ಕುಣಿಯುತ್ತದೆ. ಸರಪಳಿ ಹಾಕುವುದು ಚಾಸಿಗೆ; ಲೋಡಿನ ಹಗ್ಗಕ್ಕೆ ಸಿಕ್ಕಿಸಿ ‘ಆಯ್ತು’ ಅನ್ನಬೇಡಿ.

ನಾಲ್ಕನೇ ಹಂತ: ಸುಮ್ಮನಿರುವುದು

ಅನುಭವಿ ಚಾಲಕರಿಗೆ ಅತಿ ಕಷ್ಟದ ಹಂತ ಇದು. ಯುರೋಪಿನಲ್ಲಿ ಆಲ್ಪ್ಸ್ ದಾಟುವ ಇಂಥ ರೈಲುಗಳಲ್ಲಿ, 1994ರಲ್ಲಿ ತೆರೆದ ಇಂಗ್ಲಿಷ್ ಕಾಲುವೆಯ ಸುರಂಗದಲ್ಲೂ, ಲಾರಿ ಚಾಲಕರನ್ನು ಬೇರೆ ಬೋಗಿಗೆ ಕಳಿಸುತ್ತಾರೆ. ಕೊಂಕಣದಲ್ಲಿ ನೀವು ನಿಮ್ಮ ಕ್ಯಾಬಿನ್ನಿನಲ್ಲೇ ಇರುತ್ತೀರಿ, ನಿಮ್ಮ ಸೀಟಿನಲ್ಲೇ. ಇಳಿಜಾರು ಬಂದಾಗ ಬಲಗಾಲು ತಾನಾಗಿ ಬ್ರೇಕ್ ಹುಡುಕುತ್ತದೆ, ತಿರುವು ಬಂದಾಗ ಕೈ ಸ್ಟಿಯರಿಂಗ್ ಹಿಡಿಯುತ್ತದೆ. ಹಿಡಿಯಲಿ, ತಿರುಗಿಸಬೇಡಿ. ಎದುರಿಂದ ಬರುವ ರೈಲಿಗೆ ಡಿಪ್ಪರ್ ಹೊಡೆಯಬೇಡಿ.

ಹೊನ್ನಾವರದಲ್ಲಿ ಶರಾವತಿ ಸೇತುವೆ ಬರುತ್ತದೆ, ಎರಡು ಕಿಲೋಮೀಟರಿಗೂ ಉದ್ದ. ಗೋವಾದಲ್ಲಿ ಜುವಾರಿ, ಮಾಂಡವಿ. ರತ್ನಾಗಿರಿ ಹತ್ತಿರ 64 ಮೀಟರ್ ಎತ್ತರದ ಪಾನ್ವಲ್ ಸೇತುವೆ, ಸುಮಾರು ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗ. ಸುರಂಗಕ್ಕೆ ಮುಂಚೆ ಗಾಜು ಏರಿಸಿ. ಸ್ಟೌ ಹಚ್ಚಿ ಅನ್ನಕ್ಕಿಡುವ ಅಭ್ಯಾಸವನ್ನು ಈ ಒಂದು ಪ್ರಯಾಣಕ್ಕೆ ಬಿಡಿ. ಕ್ಯಾಬಿನ್ನಿನ ಹಾಡಿಗೂ ಮಿತಿಯಿರಲಿ; ಕಾರಣ ಮುಂದಿನ ಹಂತದಲ್ಲಿದೆ.

ಐದನೇ ಹಂತ: ಇಳಿಸುವುದು

ಮೊದಲು ಹತ್ತಿದವನೇ ಮೊದಲು ಇಳಿಯಬೇಕಾದರೆ ತಲುಪಿದ ಊರಿನ ರ‍್ಯಾಂಪ್ ಅವನ ಮುಂದೆ ಇರಬೇಕು. ಹಿಂದೆ ಇದ್ದರೆ ಕಡೆಗೆ ಹತ್ತಿದವನು ಮೊದಲು ಇಳಿಯುತ್ತಾನೆ, ಅದೂ ರಿವರ್ಸಿನಲ್ಲಿ. ರೈಲಿನ ಮುಖ, ರ‍್ಯಾಂಪಿನ ಮುಖ, ಲಾರಿಯ ಮುಖ ಈ ಮೂರನ್ನೂ ಹತ್ತಿಸುವ ಮೊದಲೇ ಯೋಚಿಸುವ ಕೆಲಸ ಯಾರಾದರೊಬ್ಬರು ಮಾಡಿರಬೇಕು.

ಇಂಜಿನ್ ಚಾಲೂ ಮಾಡಿದ ತಕ್ಷಣ ಹೊರಡಲಾಗದು. ಗಂಟೆಗಟ್ಟಲೆ ನಿಂತ ಲಾರಿಯಲ್ಲಿ ಏರ್ ಬ್ರೇಕಿನ ಗಾಳಿ ಇಳಿದಿರುತ್ತದೆ. ಗಾಳಿ ಏರಿ ಮುಳ್ಳು ಸರಿಯಾದ ಜಾಗಕ್ಕೆ ಬರುವ ತನಕ ಕಾಯಿರಿ. ಬ್ಯಾಟರಿಯ ವಿಚಾರ ಇಲ್ಲಿ ಬರುತ್ತದೆ. ರಾತ್ರಿಯಿಡೀ ಹಾಡು ಹಾಕಿ, ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಿಕ್ ಎಂಬ ಸದ್ದು ಮಾತ್ರ ಬರುವ ಲಾರಿ ರಸ್ತೆಯಲ್ಲಾದರೆ ಒಬ್ಬನ ಕಷ್ಟ. ವ್ಯಾಗನ್ನಿನ ಮೇಲೆ ಅದು ಹಿಂದಿರುವ ಎಲ್ಲರ ಕಷ್ಟ. ಪಕ್ಕಕ್ಕೆ ಸರಿಸಲು ಪಕ್ಕವೇ ಇಲ್ಲ, ತಳ್ಳಲು ನಿಲ್ಲುವ ಜಾಗವೂ ಇಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಹೀಗೆಯೇ: ಒಬ್ಬರು ಮಜ್ಜಿಗೆ ಕುಡಿದು ಮುಗಿಸುವವರೆಗೆ ಬೆನ್ನ ಹಿಂದೆ ನಿಂತ ಮುಂದಿನ ಪಂಕ್ತಿಯವರಿಗೆಲ್ಲ ಹಸಿವು.

ಅನುಬಂಧ: ಕಾರು ಮಾಲೀಕರಿಗೆ

2025ರ ಆಗಸ್ಟ್‌ನಲ್ಲಿ, ಗಣೇಶ ಚೌತಿಯ ಹೊತ್ತಿಗೆ, ಕೋಲಾಡ್–ವೆರ್ಣಾ ನಡುವೆ ಕಾರುಗಳಿಗೂ ರೋ-ರೋ ಬಂತು. ಒಂದು ವ್ಯಾಗನ್ನಿಗೆ ಎರಡರಂತೆ 20 ವ್ಯಾಗನ್ನಿನಲ್ಲಿ 40 ಕಾರು. ಆಗ ಕಾರಿಗೆ 7,875 ರೂಪಾಯಿ. ಜನ ಕಾರಿನಲ್ಲಿ ಕೂರುವಂತಿರಲಿಲ್ಲ, ಜೋಡಿಸಿದ ಬೋಗಿಗೆ ಹೋಗಬೇಕಿತ್ತು: ಎಸಿಯಲ್ಲಿ ತಲೆಗೆ 935, ಕೂರುವ ಬೋಗಿಯಲ್ಲಿ 190. ಕಾರಿಗೆ ಮೂವರು ಮಾತ್ರ. ನಾಲ್ಕು ಜನರ ಸಂಸಾರ ಯಾರನ್ನು ಬಿಡಬೇಕಿತ್ತೆಂಬುದನ್ನು ಈ ಕೈಪಿಡಿ ಹೇಳುವುದಿಲ್ಲ. ಹದಿನಾರು ಕಾರಾದರೂ ಬುಕ್ ಆಗದಿದ್ದರೆ ರೈಲು ಹೊರಡುತ್ತಿರಲಿಲ್ಲ.

ಸಂಜೆ ಐದಕ್ಕೆ ಹೊರಡುವ ರೈಲಿಗೆ ಮಧ್ಯಾಹ್ನ ಎರಡಕ್ಕೇ ಕೋಲಾಡ್ ಸೇರಬೇಕಿತ್ತು. ಮುಂಬೈಯಿಂದ ಕೋಲಾಡ್‌ಗೇ ನೂರು ಕಿಲೋಮೀಟರಿನ ಮೇಲೆ ಓಡಿಸಿರಬೇಕಿತ್ತು. ವೆರ್ಣಾ ಬರುತ್ತಿದ್ದದ್ದು ಮರುದಿನ ಬೆಳಿಗ್ಗೆ. ಬುಕಿಂಗ್ ಮಂದವಾಗಿಯೇ ಶುರುವಾದದ್ದು ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಲಾರಿ ಮಾಲೀಕ ಡೀಸೆಲ್ಲು, ಟೈರು ಲೆಕ್ಕ ಹಾಕುತ್ತಾನೆ, ಅವನಿಗೆ ಸಂದಿಯಲ್ಲಿ ಕಾಯುವ ಹೊತ್ತು ಲಾಭದಲ್ಲಿ ಮುಚ್ಚಿಹೋಗುತ್ತದೆ. ಕಾರಿನವನು ಗಂಟೆ ಲೆಕ್ಕ ಹಾಕುತ್ತಾನೆ, ಅವನಿಗೆ ಸಂದಿಯೇ ಪ್ರಯಾಣಕ್ಕಿಂತ ಉದ್ದ.

ತೊಂದರೆ ಮತ್ತು ಪರಿಹಾರ

ತೊಂದರೆ: ಸಂದಿಯ ಎರಡು ಬದಿಗೆ ಎರಡು ಸರ್ಕಾರಗಳಿವೆ.

ಪರಿಹಾರ: ಗೋವಾಕ್ಕೆ ಇದು ಹಳೆಯದು. ಮರ್ಮಗೋವಾ ಬಂದರಿನಿಂದ ಹೊರಟ ಪೋರ್ಚುಗೀಸರ ಮೀಟರ್ ಗೇಜ್ ರೈಲು 1888ರಲ್ಲಿ ಘಟ್ಟ ಹತ್ತಿ, ಈಗಿನ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷ್ ಭಾರತದ ಹಳಿಯನ್ನು ಕೂಡಿಕೊಂಡಿತು. ಎರಡೂ ಕಡೆ ಗೇಜ್ ಒಂದೇ, ಹಳಿಗೆ ಹಳಿ ಹೊಂದುತ್ತಿತ್ತು. ಆದರೂ ಕೆಳಗೆ ಕುಳೆಂನಲ್ಲಿ ಅವರ ಕಸ್ಟಮ್ಸ್, ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಇವರ ಕಸ್ಟಮ್ಸ್. 1955ರಲ್ಲಿ ಗೋವಾ ಸತ್ಯಾಗ್ರಹದ ಕಾಲಕ್ಕೆ ಭಾರತ ಸಂಪರ್ಕ ಕಡಿದಾಗ ಹಳಿ ಇದ್ದಲ್ಲೇ ಇತ್ತು, ರೈಲು ಇರಲಿಲ್ಲ. ಪರಿಹಾರ ದೊರೆತದ್ದು ಗೋವಾ ವಿಮೋಚನೆಯಾದ 1961ರ ಡಿಸೆಂಬರ್‌ನಲ್ಲಿ. ಸ್ಪ್ಯಾನರ್‌ನಿಂದಲ್ಲ.

ತೊಂದರೆ: ಎಳೆಯುವ ಇಂಜಿನ್ ಸಾಲದಷ್ಟು ದಾರಿ ಕಡಿದಾಗಿದೆ.

ಪರಿಹಾರ: ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಹತ್ತುವ ಅದೇ ಘಟ್ಟದಲ್ಲಿ, ಬ್ರಗಾಂಜಾ ಘಟ್ಟದಲ್ಲಿ, ಏರು 37ಕ್ಕೆ 1. ಸರಕು ಗಾಡಿಗೆ ಹಿಂದಿನಿಂದ ತಳ್ಳುವ ಇಂಜಿನ್‌ಗಳನ್ನೂ ಜೋಡಿಸುತ್ತಾರೆ. ಎಳೆಯುವವರೂ ತಳ್ಳುವವರೂ ಒಂದೇ ಹದದಲ್ಲಿ ಬಲ ಹಾಕಬೇಕು. ತಳ್ಳುವವನ ಉತ್ಸಾಹ ಹೆಚ್ಚಾದರೆ ನಡುವಿನ ವ್ಯಾಗನ್ನಿಗೆ ಸಂಕಟ.

ತೊಂದರೆ: ಸಂದಿಗಳೆಲ್ಲ ಸರಿಯಿವೆ, ದಾಟಿಸಲು ಸರಕೇ ಇಲ್ಲ.

ಪರಿಹಾರ: ಇದು ಕೈಪಿಡಿಯ ಕೈಮೀರಿದ್ದು. ಗೋವಾದ ಅದಿರು ಗಣಿಯಿಂದ ಟಿಪ್ಪರಿಗೆ, ಟಿಪ್ಪರಿನಿಂದ ನದಿ ದಡದ ಜೆಟ್ಟಿಗೆ, ಜೆಟ್ಟಿಯಿಂದ ಬಾರ್ಜಿಗೆ, ಬಾರ್ಜಿನಿಂದ ಮರ್ಮಗೋವಾದ ಹಡಗಿಗೆ ಕೈಬದಲಾಗುತ್ತ ಹೋಗುತ್ತಿತ್ತು. 2012ರಲ್ಲಿ ಗಣಿಗಾರಿಕೆ ನಿಂತಿತು, ಮತ್ತೆ ಶುರುವಾಗಿ 2018ರಲ್ಲಿ ಮತ್ತೆ ನಿಂತಿತು. ಗಣಿಯ ಬಾಗಿಲು ಒಂದೇ ಕಡೆ ಮುಚ್ಚಿದರೂ ಕೆಲಸ ಹೋದದ್ದು ಪ್ರತಿಯೊಂದು ಸಂದಿಯಲ್ಲಿ: ಸಾಲದ ಕಂತು ಕಟ್ಟಬೇಕಾದ ಟಿಪ್ಪರ್ ಮಾಲೀಕ, ದಡಕ್ಕೆ ಕಟ್ಟಿದ ಬಾರ್ಜಿನ ಹುಡುಗರು, ಜೆಟ್ಟಿ ಪಕ್ಕದ ಗ್ಯಾರೇಜು. ಸಂದಿಯಲ್ಲಿ ಕಾಯುವವರ ಹೊಟ್ಟೆಪಾಡೂ ಸಂದಿಯದ್ದೇ.

ಖಾತರಿ

ಮೇಲಿನ ಕ್ರಮಗಳನ್ನು ಪಾಲಿಸಿದವರ ಲಾರಿ ನುಣ್ಣಗೆ ಹತ್ತಿ ನುಣ್ಣಗೆ ಇಳಿಯುತ್ತದೆ ಎಂದು ಖಾತರಿ ಕೊಡಲಾಗಿದೆ. ಆದರೆ ನುಣುಪು ಒಬ್ಬನ ಕೈಲಿಲ್ಲ. ಸಂದಿ ದಾಟಿದವನ ಮೊದಲ ಕರ್ತವ್ಯ ಹಿಂದಿನವನಿಗೆ ಜಾಗ ಬಿಡುವುದು. ಹಾಗಾಗಿ ರ‍್ಯಾಂಪ್ ಇಳಿದ ಕೂಡಲೇ, ಅದರ ಬುಡದಲ್ಲೇ ಲಾರಿ ನಿಲ್ಲಿಸಿ, “ಹ್ಞಾಂ ಸಾಹುಕಾರ್ರೇ, ತಲುಪಿದೆ” ಎಂದು ಫೋನು ಮಾಡುವವರಿಗೆ ಈ ಖಾತರಿ ಅನ್ವಯಿಸುವುದಿಲ್ಲ. ಅವರ ಹಿಂದೆ ಇರುವವರಿಗೂ ಅನ್ವಯಿಸುವುದಿಲ್ಲ.