ಲ್ಯಾನ್ ಕಾರ್ಡ್ ಪ್ರತಿಷ್ಠಾಪನ ಮೀಮಾಂಸೆ: ಹೊಸಪೇಟೆ ಸೀಮೆಯನ್ನು ಅನುಲಕ್ಷಿಸಿ

ವಿಜಯನಗರದ ಮೇಲೆ ಬಂದಿರುವ ಸಂಪ್ರಬಂಧಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಹೇಮಕೂಟ ಸಣ್ಣದಾಗಿ ಕಂಡೀತು. ಆನೆಲಾಯ, ಕುದುರೆ ವ್ಯಾಪಾರ, ಮಹಾನವಮಿ ದಿಬ್ಬದ ಕೆತ್ತನೆ, ಯಾವುದನ್ನೂ ವಿದ್ವಾಂಸರು ಬಿಟ್ಟಿಲ್ಲ. ಆದರೆ ಇದೇ ಸೀಮೆಯಲ್ಲಿ ಒಂದು ಡೆಸ್ಕ್‌ಟಾಪ್ ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತು ಗಿಗಾಬಿಟ್ ವೇಗದ ಲ್ಯಾನ್ ಕಾರ್ಡನ್ನು ಕೂರಿಸುವುದು ಹೇಗೆ ಎಂಬ ಬಗ್ಗೆ ಒಂದು ಅಡಿಟಿಪ್ಪಣಿಯೂ ಸಿಗುವುದಿಲ್ಲ. ಪೋರ್ಚುಗೀಸರ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ಬಂದು, ಊರೆಲ್ಲ ಸುತ್ತಿ, ಪೇಟೆಯಲ್ಲಿ ಏನೇನು ಮಾರುತ್ತಾರೆಂದು ಬರೆದಿಟ್ಟ. ಅವನ ಪಟ್ಟಿಯಲ್ಲೂ ಲ್ಯಾನ್ ಕಾರ್ಡ್ ಇಲ್ಲ. ಈ ಮೌನ ಅರ್ಥಪೂರ್ಣ.

ಕೊರತೆ ತುಂಬಲು ನಿವೃತ್ತ ಕನ್ನಡ ಉಪನ್ಯಾಸಕನೊಬ್ಬ, ಅಂದರೆ ನಾನು, ಮುಂದೆ ಬರಬೇಕಾಯಿತು. ಕ್ಷೇತ್ರಕಾರ್ಯ ನಡೆದದ್ದು ಹೊಸಪೇಟೆಯಲ್ಲಿ ಅಳಿಯ ಇಟ್ಟಿರುವ ಮದುವೆ ವಿಡಿಯೊ ಅಂಗಡಿಯಲ್ಲಿ. ಕೆಳಗೆ ಎಡಿಟಿಂಗ್ ಕಂಪ್ಯೂಟರ್. ಮಹಡಿಯ ಮೇಲೆ ಹಳೆಯ ಮದುವೆಗಳನ್ನು ಕೂಡಿಟ್ಟ ಇನ್ನೊಂದು. ಒಂದು ಮದುವೆ ಎಂದರೆ ಸುಮಾರು 400 ಜಿಬಿ. ಅದರಲ್ಲಿ ಮುಹೂರ್ತ ಹತ್ತು ನಿಮಿಷ, ಮಿಕ್ಕದ್ದು ಡ್ರೋನು. ಇವುಗಳನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸಾಗಿಸುವುದರಲ್ಲೇ ಅಳಿಯನ ಅರ್ಧ ದಿನ ಹೋಗುತ್ತಿತ್ತು. ಈ ಅಧ್ಯಯನಕ್ಕೆ ಮಾರ್ಗದರ್ಶಕರು ಇರಲಿಲ್ಲ. "ಮಾವಾ, ನೀವು ಸುಮ್ನೆ ಕುಂತ್ಕೊಳ್ರಿ, ಮುಟ್ಬ್ಯಾಡ್ರಿ" ಎಂದು ಹೇಳಿದವನನ್ನು ಮಾರ್ಗದರ್ಶಕ ಎನ್ನಲಾಗದು.

ಮೊದಲು ನಿರುಕ್ತ. ಈ ಕಾರ್ಡು ಆಡುವ ಭಾಷೆಯ ಹೆಸರು ಈಥರ್‌ನೆಟ್. ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ 1973ರ ಮೇ 22ರಂದು ಬರೆದ ಟಿಪ್ಪಣಿಯಲ್ಲಿ ಆ ಹೆಸರು ಬಂತು. ಬೆಳಕು ಹರಿಯಬೇಕಾದರೆ ಜಗತ್ತನ್ನೆಲ್ಲ ತುಂಬಿಕೊಂಡ ಈಥರ್ ಎಂಬುದೊಂದು ಇರಲೇಬೇಕೆಂದು ಹತ್ತೊಂಬತ್ತನೇ ಶತಮಾನದ ವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕಲ್ಸನ್ ಮತ್ತು ಮಾರ್ಲಿ ಅಳೆದು ನೋಡಿದರೆ ಅದರ ಸುಳಿವೇ ಇಲ್ಲ. ಇಲ್ಲವೆಂದಾದ 86 ವರ್ಷಕ್ಕೆ ಅದರ ಹೆಸರನ್ನು ಒಂದು ದಪ್ಪ ಕೇಬಲ್ಲಿಗೆ ಇಟ್ಟರು. ತೀರಿಹೋದ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯೇ ಇದು. ಆಕಾಶದ ಗುಣ ಶಬ್ದ ಎಂದು ನಮ್ಮ ತಾರ್ಕಿಕರು ಹೇಳಿಟ್ಟಿದ್ದನ್ನೂ ಇಲ್ಲಿ ನೆನೆಯಬಹುದು, ಕಾರ್ಡಿನ ಫ್ಯಾನ್ ಕೇಳಿಸಿಕೊಂಡವರು ಒಪ್ಪುತ್ತಾರೆ. ಇನ್ನೂ ಒಂದು ಸಂಗತಿ: ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಅಂದರೆ ಈಥರ್‌ನೆಟ್ ಎಂಬ ಹೆಸರು ನಮ್ಮ ರಾಜ್ಯದ ಹೆಸರಿಗಿಂತ ಐದು ತಿಂಗಳು ಹಿರಿದು. ಈ ಎರಡು ನಾಮಕರಣಗಳಿಗೆ ಸಂಬಂಧವಿದೆ ಎನ್ನಲು ನನ್ನ ಬಳಿ ಯಾವ ಆಧಾರವೂ ಇಲ್ಲ. ಆಧಾರ ಇಲ್ಲವೆಂದು ನಮ್ಮಲ್ಲಿ ಯಾವ ಪ್ರಬಂಧ ನಿಂತಿದೆ?

ವೇಗದ ತಂತಿ ಪಡುವಣದ್ದು, ನಮ್ಮದಲ್ಲ ಎಂಬುದು ಪೂರ್ವಪಕ್ಷ. ಅದನ್ನು ಖಂಡಿಸಲು ಹಂಪಿಯ ಗದ್ದೆಗಳ ಬದಿಗೆ ಹೋದರೆ ಸಾಕು. ಅರಸರ ಕಾಲದಲ್ಲಿ ತೋಡಿದ ಕಾಲುವೆ ಇಂದಿಗೂ ಬಾಳೆಗೆ, ಕಬ್ಬಿಗೆ, ಭತ್ತಕ್ಕೆ ನೀರುಣಿಸುತ್ತ ಹರಿಯುತ್ತಿದೆ. ಅದರ ಹೆಸರು ತುರ್ತು ಕಾಲುವೆ. 'ತುರ್ತಾ' ಎಂಬ ಪಾಠಾಂತರ ಊರವರ ಬಾಯಲ್ಲಿದೆ. ನನ್ನ ವಾದಕ್ಕೆ ಅನುಕೂಲವಿಲ್ಲದ್ದರಿಂದ ಅದನ್ನು ಕೈಬಿಟ್ಟಿದ್ದೇನೆ. ತುರ್ತು ಎಂದರೆ ಅತಿವೇಗ. ಕಾಲುವೆ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ನೆಲದ ಮೇಲೆ ಎಳೆದ ಸಂಪರ್ಕ. ಅತಿವೇಗದ ತಂತಿಜಾಲಕ್ಕೆ ಇದಕ್ಕಿಂತ ನೇರ ಕನ್ನಡ ಯಾರಿಗೆ ಹೊಳೆದೀತು? ಮೆಟ್‌ಕಾಫರ ಮೊದಲ ಜಾಲ ಸೆಕೆಂಡಿಗೆ 2.94 ಮೆಗಾಬಿಟ್ ಓಡಿತು. ತಾಮ್ರದ ತಂತಿಯಲ್ಲಿ ಹತ್ತು ಗಿಗಾಬಿಟ್ ಓಡಿಸುವ ನಿಯಮಾವಳಿ ಹೊರಬಿದ್ದದ್ದು 2006ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಕಾಲುವೆ ಎಷ್ಟೋ ಬಾರಿ ಹೂಳು ತೆಗೆಸಿಕೊಂಡಾಗಿತ್ತು.

ಪ್ರಮಾಣ ವಿಚಾರದಲ್ಲಿ ನಾನು ಎಡವಿದೆನೆಂದು ಒಪ್ಪಿಕೊಳ್ಳಬೇಕು. ಅಂಗಡಿಯವರು ಒಂದು ಗಿಗಾ ಎಂದು ಮಾರಿದ ಹಳೆಯ ಸಂಪರ್ಕದಲ್ಲಿ ಪರದೆ ತೋರಿಸುತ್ತಿದ್ದದ್ದು 112. ಮೋಸ ಎಂದೆ. "ಮಾವಾ, ಅವ್ರು ಹೇಳಿದ್ದು ಬಿಟ್ಟು, ಇದು ತೋರ್ಸೋದು ಬೈಟು" ಎಂದ ಅಳಿಯ. ಬೈಟನ್ನು ನಾನು ಹೋಟೆಲಿನ ಬೈಟೂ ಎಂದು ತಿಳಿದು ಎರಡರಿಂದ ಭಾಗಿಸುತ್ತಿದ್ದೆ, ಎಂಟರಿಂದ ಭಾಗಿಸಬೇಕಂತೆ. ಒಂದು ಗಿಗಾಬಿಟ್ ಎಂದರೆ 125 ಮೆಗಾಬೈಟ್, ಹತ್ತೆಂದರೆ 1,250. ದಾರಿಖರ್ಚು ಕಳೆದು ಕೈಗೆ ಬರುವುದು ಅದಕ್ಕಿಂತ ಕಡಿಮೆ. ಎಂಟರಲ್ಲಿ ಏಳನ್ನು ಬಿಟ್ಟು ಕೊಡುವುದರಿಂದಲೇ ಅದು ಬಿಟ್ಟು ಎಂದು ವ್ಯುತ್ಪತ್ತಿ ಹೇಳಿಕೊಂಡು ಸಮಾಧಾನ ಮಾಡಿಕೊಂಡೆ. ಹಂಪಿಯಲ್ಲಿ ಹದಿನೈದು ಅಡಿಯ ಗಣೇಶನಿಗೆ ಕಡಲೆಕಾಳು ಎಂದು ಹೆಸರಿಟ್ಟರು, ಪಕ್ಕದವನಿಗೆ ಸಾಸಿವೆಕಾಳು. ದೊಡ್ಡದಕ್ಕೆ ಕಾಳಿನ ಹೆಸರಿಡುವ ನಾಡಿನವನಿಗೆ, ಕಾಳಿನಷ್ಟಕ್ಕೆ ಗಿಗಾ ಎನ್ನುವವರ ಲೆಕ್ಕ ಬೇಗ ಹತ್ತುವುದಿಲ್ಲ.

ಇನ್ನು ಉತ್ಖನನ. ಮೊದಲು ಪ್ಲಗ್ ಕೀಳಬೇಕು. ಕಿತ್ತ ಮೇಲೂ ಪವರ್ ಬಟನ್ನನ್ನು ಒಮ್ಮೆ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಆಮೇಲೆ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಆಚಮನ ಮಾಡದೆ ಸಂಕಲ್ಪ ಇಲ್ಲ. ಇದನ್ನು ಮಾಡದೆ ಚಿಪ್ಪನ್ನು ಮುಟ್ಟಿದರೆ ಕಣ್ಣಿಗೆ ಕಾಣದ ಒಂದು ಕಿಡಿಗೆ ಕಾರ್ಡು ಸತ್ತೀತು.

ಈ ಕ್ಯಾಬಿನೆಟ್ಟಿಗೆ ಒಂದು ಚರಿತ್ರೆಯಿದೆ. ಮೊದಲು ಅದು ಸಂಡೂರಿನ ಅದಿರು ಲಾರಿ ಆಫೀಸೊಂದರಲ್ಲಿತ್ತು, ಲಾರಿಗಳು ನಿಂತಾಗ ಕಂಪ್ಲಿಯ ಅಕ್ಕಿ ಗಿರಣಿಗೆ ಬಂತು, ಅಲ್ಲಿಂದ ಹೊಸಪೇಟೆಗೆ. ಒಳಗಿನ ಬೋರ್ಡು, ಪ್ರೊಸೆಸರ್ ಎಲ್ಲ ಹೊಸವು. ಜೀರ್ಣೋದ್ಧಾರವಾದ ಗುಡಿಯಂತೆ ಗೋಡೆ ಮಾತ್ರ ಪ್ರಾಚೀನ. ಪಕ್ಕದ ತಗಡು ಸರಿಸಿ ಟಾರ್ಚು ಬಿಟ್ಟೆ. ಮೂಲೆಯಲ್ಲಿ ಮೂರು ಸ್ತರಗಳು ಸ್ಪಷ್ಟ. ಮೇಲೆ ಬೂದುಬಣ್ಣದ ನಯವಾದ ಪದರ: ಊದುಕಡ್ಡಿಯ ಬೂದಿ, ಆಯುಧ ಪೂಜೆಯ ನಾಲ್ಕು ಅಕ್ಷತೆ ಕಾಳು. ಇದು ಹೊಸಪೇಟೆ ಯುಗ. ಅದರ ಕೆಳಗೆ ಹೊಂಬಣ್ಣದ ತೌಡು, ಭತ್ತದ ಹೊಟ್ಟು, ಒಣಗಿದ ಒಂದು ಜಿರಲೆ: ಕಂಪ್ಲಿ ಯುಗ. ತಳದಲ್ಲಿ ತಗಡಿಗೆ ಅಂಟಿಕೊಂಡ ಕೆಂಪು. ಅದು ಪೂಜೆಯ ಕುಂಕುಮ ಎಂದು ಅಳಿಯ ವಾದಿಸಿದ. ನಾನು ಬೆರಳಿಗೆ ಹಚ್ಚಿಕೊಂಡು ನಲ್ಲಿಯಲ್ಲಿ ಮೂರು ಸಲ ತೊಳೆದೆ. ಉಗುರಿನ ಸಂದಿಯಲ್ಲಿ ಹಾಗೇ ಉಳಿಯಿತು. ಸಂಡೂರಿನ ರಸ್ತೆಯಲ್ಲಿ ಒಮ್ಮೆ ಬಿಳಿ ಅಂಗಿ ತೊಟ್ಟು ಓಡಾಡಿದವರಿಗೆ ಬೇರೆ ಪುರಾವೆ ಬೇಕಿಲ್ಲ.

ಸ್ಥಾನನಿರ್ಣಯಕ್ಕೆ ಬರೋಣ. ಬೋರ್ಡಿನ ಮೇಲೆ ಪಿಸಿಐ ಎಕ್ಸ್‌ಪ್ರೆಸ್ ಎಂಬ ಗಾಡಿಗಳಿವೆ, ಅಂದರೆ ಕಾರ್ಡು ಕೂರುವ ಸ್ಲಾಟುಗಳು, ಉದ್ದ ಬೇರೆಬೇರೆ: ಒಂದು ಲೇನಿನದು, ನಾಲ್ಕು ಲೇನಿನದು, ಹದಿನಾರರದು. ಹದಿನಾರರ ಮೊದಲ ಪೀಠದಲ್ಲಿ ಗ್ರಾಫಿಕ್ಸ್ ಕಾರ್ಡು ಗರ್ಭಗುಡಿಯ ದೇವರಂತೆ ಕೂತಿರುತ್ತದೆ. ನಮ್ಮ ಕಾರ್ಡಿಗೆ ನಾಲ್ಕು ಲೇನು ಬೇಕು. ಒಂದು ಲೇನಿನ ಪುಟ್ಟ ಗಾಡಿಯಲ್ಲಿ ಅದು ಹಿಡಿಸುವುದಿಲ್ಲ. ಕಾರ್ಡಿನ ಅಂಚಿನ ಕಚ್ಚು, ಗಾಡಿಯ ಒಳಗಿನ ದಿಂಡು ಒಂದಕ್ಕೊಂದು ಕೂಡಿದರೇ ಅದು ಅದರ ಜಾಗ. ಹಂಪಿಯ ರಾಜಾಂಗಣದಲ್ಲಿ 1980ರ ದಶಕದಲ್ಲಿ ಅಗೆದು ತೆಗೆದ ಮೆಟ್ಟಿಲ ಪುಷ್ಕರಣಿಯನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸದಲ್ಲ. ಆ ಕಪ್ಪು ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂದು ಶಿಲ್ಪಿಗಳು ಗುರುತು ಹಾಕಿದ್ದಾರೆ. ಬೇರೆಲ್ಲೋ ಕೆತ್ತಿ, ಇಲ್ಲಿ ತಂದು ಗುರುತು ನೋಡಿ ಜೋಡಿಸಿದ್ದು. ಅಳಿಯ ಮಾತ್ರ ಕಾರ್ಡಿನೊಂದಿಗೆ ಬಂದ ಮ್ಯಾನ್ಯುಯಲ್ಲನ್ನು ಟೀ ಲೋಟದ ಕೆಳಗಿಟ್ಟಿದ್ದ.

ಎರಡೂ ಹೆಬ್ಬೆರಳಿಂದ ಸಮನಾಗಿ ಒತ್ತಿದಾಗ 'ಕಟಕ್' ಎಂದು ಕೂತಿತು. ಬ್ರಾಕೆಟ್ಟಿಗೆ ತಿರುಪು ಹಾಕುವಾಗ ಅದು ಜಾರಿ ಕೆಂಪು ಸ್ತರದಲ್ಲಿ ಬಿತ್ತು. ಅಯಸ್ಕಾಂತದ ಸ್ಕ್ರೂಡ್ರೈವರ್ ಇಳಿಸಿ ಎತ್ತಿದೆ. ಸಂಡೂರಿನ ಮಣ್ಣಿನಿಂದ ಪರ್ಮಿಟ್ ಇಲ್ಲದೆ ಕಬ್ಬಿಣ ತೆಗೆದವರಲ್ಲಿ ನಾನೇ ಮೊದಲಿಗನಲ್ಲವೆಂದು 2011ರ ಲೋಕಾಯುಕ್ತ ವರದಿ ಓದಿದವರೆಲ್ಲ ಬಲ್ಲರು.

ಕಂಪ್ಯೂಟರ್ ಹಚ್ಚಿದರೆ ಕಾರ್ಡು ಇದೆ, ಕೆಲಸವಿಲ್ಲ. ಡ್ರೈವರ್ ಬೇಕು ಎಂದಿತು ಪರದೆ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿ ನೋಡಿ: ವಿಠ್ಠಲ ದೇವಾಲಯದ ಕಲ್ಲಿನ ರಥ. ಚಕ್ರವಿದೆ, ಅಚ್ಚಿದೆ, ಸಾರಥಿ ಇಲ್ಲ. ಶತಮಾನಗಳಿಂದ ನಿಂತಲ್ಲೇ ನಿಂತಿದೆ. ನಮ್ಮ ಪಾಡೂ ಅದೇ. ಸಾರಥಿಯನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್‌ನೆಟ್ ಬರಬೇಕಾದರೆ ಕಾರ್ಡು ನಡೆಯಬೇಕು. ಕಾರ್ಡು ನಡೆಯಲು ಸಾರಥಿ ಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಚಕ್ರಕ ದೋಷ ಎನ್ನುತ್ತಾರೆ. ಅಳಿಯ ಮೊಬೈಲನ್ನು ಯುಎಸ್‌ಬಿಗೆ ಸಿಕ್ಕಿಸಿ ಒಂದೇ ನಿಮಿಷದಲ್ಲಿ ದೋಷ ಪರಿಹರಿಸಿದ. ಶಾಸ್ತ್ರಕ್ಕೆ ಬೆಲೆಯೇ ಇಲ್ಲ.

ಕೇಬಲ್ ಚುಚ್ಚಿದೆವು. ಹಳೆಯ ಕಾರ್ಡಿನಲ್ಲಿ ಒಂದು ಗಿಗಾ ಇತ್ತು. ಹತ್ತು ಗಿಗಾದ ಹೊಸ ಕಾರ್ಡು, ಅದಕ್ಕೆಂದೇ ಎಳೆಸಿದ ಹೊಸ ಕೇಬಲ್, ಪರದೆ ತೋರಿಸಿದ್ದು 100 ಮೆಗಾಬಿಟ್. ನೂರು ಪಟ್ಟು ಕಡಿಮೆ! ಈ ವೇಗದಲ್ಲಿ 400 ಜಿಬಿ ಮದುವೆ ಮೇಲೆ ಹೋಗಲು ಒಂಬತ್ತೂವರೆ ಗಂಟೆ ಮೀರುತ್ತದೆ. ಮೆರವಣಿಗೆಯೇ ಬೇಗ ಮುಗಿದೀತು.

ಕೇಬಲ್ ಎಳೆದುಕೊಟ್ಟ ಹುಡುಗ ಬಂದ. ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಅವನು ಅವುಗಳನ್ನು ಹೆಬ್ಬೆರಳ ಉಗುರಿನ ಮೇಲೆ ಹರವಿ ಮಂತ್ರದಂತೆ ಹೇಳಿದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೂವತ್ತು ವರ್ಷ ಛಂದಸ್ಸು ಪಾಠ ಮಾಡಿದ ನನಗೆ, ಹಸಿರಿನ ಜೋಡಿಯ ನಡುವೆ ನೀಲಿ ನುಗ್ಗಿದ್ದು ಯತಿಭಂಗವೆನಿಸಿತು. "ಹಂಗೇ ಇರ್ಬೇಕ್ ಸಾರ್" ಎಂದ. ನೂರು ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು. ಗಿಗಾಬಿಟ್ಟಿಗೂ ಅದರ ಮೇಲಿನದಕ್ಕೂ ನಾಲ್ಕೂ ಜೋಡಿ ಬೇಕು. ಪ್ಲಗ್ಗನ್ನು ಬೆಳಕಿಗೆ ಹಿಡಿದು ತೋರಿಸಿದ. ಎಂಟನೆಯ ತಂತಿ, ಆ ಕಂದು, ಹೊಂಬಣ್ಣದ ಮೊಳೆಯನ್ನು ಒಂದು ಕೂದಲೆಳೆಯಷ್ಟರಲ್ಲಿ ಮುಟ್ಟಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋದದ್ದನ್ನು ಕಂಡವರಿಗೆ, ಲಿಂಕ್ ಡೌನ್ ಎಂಬುದರ ಭಾಷ್ಯ ಬರೆಯಬೇಕಾಗಿಲ್ಲ. ಅಲ್ಲಿ ಮಿಕ್ಕ 32 ಗೇಟು ನಿಂತೇ ಇದ್ದವು. ಇಲ್ಲಿ ಏಳು ತಂತಿ.

ಹೊಸ ಪ್ಲಗ್ ಹಾಕಲು ತಂತಿ ಸುಲಿದರೆ ಮುಟ್ಟಿದಲ್ಲೆಲ್ಲ ಪಟಪಟ ಮುರಿಯತೊಡಗಿತು. ನನಗೆ ಅನುಮಾನ ಬಂದು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಕೆಂಪು, ಒಳಗೆ ಬೆಳ್ಳಗೆ ಅಲ್ಯುಮಿನಿಯಂ! ಶಾಸನಶಾಸ್ತ್ರದಲ್ಲಿ ಇದಕ್ಕೆ ಕೂಟಶಾಸನ ಎಂಬ ಹೆಸರಿದೆ: ತಾಮ್ರಪಟವೆಂದು ನಂಬಿಸುವುದು, ಪರೀಕ್ಷಿಸಿದರೆ ಖೊಟ್ಟಿ. ಅಪ್ಪಟ ತಾಮ್ರಕ್ಕಿಂತ ಇದಕ್ಕೆ ರೋಧ ಹೆಚ್ಚು, ಬಾಗಿಸಿದರೆ ಬಾಳಿಕೆ ಇಲ್ಲ. ಹುಡುಗ ತಲೆ ಕೆರೆದುಕೊಂಡು, "ಎಲ್ಲಾರೂ ಇದ್ನೇ ಹಾಕ್ತಾರೆ ಸಾರ್, ರೇಟ್ ಕಮ್ಮಿ" ಎಂದ. ಎಲ್ಲ ಕೂಟಶಾಸನಗಳೂ ಹುಟ್ಟಿದ್ದು ಈ ಕಾರಣಕ್ಕೇ. ಅಪ್ಪಟ ತಾಮ್ರದ ಕ್ಯಾಟ್-6 ತರಿಸಿದೆವು. ಅದು 55 ಮೀಟರ್‌ವರೆಗೆ ಹತ್ತು ಗಿಗಾ ಹೊರುತ್ತದೆ. ನಮ್ಮದು ಒಂದು ಮಹಡಿ.

ಈಗ ಒಂದು ಗಿಗಾ ಬಂತು, ಹತ್ತು ಬರಲಿಲ್ಲ. ನಡುವಿನ ಸ್ವಿಚ್ಚು ಒಂದು ಗಿಗಾದ್ದು. ಹತ್ತರ ಸ್ವಿಚ್ಚಿನ ಬೆಲೆ ಕೇಳಿ ಅಳಿಯ ಎರಡು ನಿಮಿಷ ಮಾತಾಡಲಿಲ್ಲ. ಕೊನೆಗೆ ಮೇಲಿನ ಕಂಪ್ಯೂಟರಿಗೂ ಅಂಥದೇ ಕಾರ್ಡು ಹಾಕಿ, ಸ್ವಿಚ್ಚನ್ನೇ ಬಿಟ್ಟು, ಇದಕ್ಕೂ ಅದಕ್ಕೂ ನೇರ ಕೇಬಲ್ ಎಳೆದೆವು. ಹೀಗೆ ಮಾಡುವಾಗ ಎರಡಕ್ಕೂ ಕೈಯಾರೆ ವಿಳಾಸ ಕೊಡುವುದು ಒಳ್ಳೆಯದು, ಎರಡೂ ಒಂದೇ ಜಾಲದಲ್ಲಿ, ಅಂದರೆ ಒಂದೇ ಸಬ್‌ನೆಟ್ಟಿನಲ್ಲಿ ಇರಬೇಕು. 2021ಕ್ಕೆ ಮುಂಚೆ ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ಬಳ್ಳಾರಿ ಜಿಲ್ಲೆಯಲ್ಲಿದ್ದಂತೆ. ಜಿಲ್ಲೆ ಒಡೆದ ಮೇಲೆ ಹೊಸಪೇಟೆ ವಿಜಯನಗರಕ್ಕೆ ಬಂತು, ಮಿಕ್ಕೆರಡು ಅಲ್ಲೇ ಉಳಿದವು. ಆ ಮೇಲೆ ಒಂದು ಪಹಣಿ ಕಾಗದ ಎಷ್ಟು ಕಚೇರಿ ಸುತ್ತುತ್ತದೆಂದು ಬಲ್ಲವರಿಗೆ ಸಬ್‌ನೆಟ್ ಅಂದರೇನೆಂದು ಹೇಳುವುದೇ ಬೇಡ.

ಹಸಿರು ದೀಪ ಹತ್ತಿತು. ಪರದೆಯ ಮೇಲೆ 10 ಗಿಗಾಬಿಟ್. ಮೇ ತಿಂಗಳ ಹೊಸಪೇಟೆ. ಕಾರ್ಡಿನ ಹೀಟ್‌ಸಿಂಕ್ ಮುಟ್ಟಿದರೆ ಮೆಣಸಿನಕಾಯಿ ಬಜ್ಜಿಯಷ್ಟು ಬಿಸಿ. 400 ಜಿಬಿಯ ಒಂದು ಮದುವೆಯನ್ನು ಮೇಲಕ್ಕೆ ಕಳಿಸಿದೆವು. ಆರು ನಿಮಿಷ ಎಂದು ನಾನು ಗುಣಿಸಿಟ್ಟಿದ್ದೆ. ಮೊದಲು ಸಾವಿರ ದಾಟಿದ ಅಂಕಿ ಸ್ವಲ್ಪ ಹೊತ್ತಿಗೆ ಇಳಿದು, ಸೆಕೆಂಡಿಗೆ 170 ಮೆಗಾಬೈಟಿಗೆ ಬಂದು ನಿಂತುಬಿಟ್ಟಿತು. ನಲವತ್ತು ನಿಮಿಷ. ಮೇಲಿನ ಕಂಪ್ಯೂಟರಿನ ಹಾರ್ಡ್ ಡಿಸ್ಕು ತಿರುಗುತ್ತಾ ತಿರುಗುತ್ತಾ ಬರೆಯಬೇಕಲ್ಲ, ಅದರ ಕೈ ಅಷ್ಟೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ವರ್ಷ ವರ್ಷ ಹೇಳುತ್ತಿರುವುದು ಇದನ್ನೇ: ಡ್ಯಾಮಿನಲ್ಲಿ ಎಷ್ಟು ಬಿಟ್ಟರು ಎಂಬುದನ್ನು ಪೇಪರಿನಲ್ಲಿ ಹಾಕುತ್ತೀರಿ, ನಮ್ಮ ತೂಬಿಗೆ ಎಷ್ಟು ಬಂತು ಎಂದು ಬಂದು ನೋಡಿ.

ಹೊಸ ಡಿಸ್ಕಿನ ಮಾತೆತ್ತುವಷ್ಟರಲ್ಲಿ ಕಂಪ್ಲಿಯಿಂದ ಮದುಮಗನ ತಾಯಿ ಬಂದರು. ಅವರ ಮನೆತನದ ಮದುವೆಗಳ ವಿಡಿಯೊ ಪೂರಾ ತುಂಬಿಸಿಟ್ಟ ಎರಡು ಟಿಬಿ ಡಿಸ್ಕನ್ನು ಅಳಿಯ ಅವರ ಕೈಗಿತ್ತ. ಕಂಪ್ಲಿಗೆ ಕೆಂಪು ಬಸ್ಸಿನಲ್ಲಿ ಒಂದು ಗಂಟೆ ಹಿಡಿದರೆ, ಎರಡು ಟಿಬಿಯನ್ನು 3,600 ಸೆಕೆಂಡಿನಿಂದ ಭಾಗಿಸಿದಾಗ ಸೆಕೆಂಡಿಗೆ 555 ಮೆಗಾಬೈಟು, ನಾಲ್ಕೂವರೆ ಗಿಗಾಬಿಟ್ಟಿಗೆ ಸ್ವಲ್ಪ ಕಡಿಮೆ. ನಮ್ಮ ಎರಡು ಕಾರ್ಡು, ತಾಮ್ರದ ಕೇಬಲ್ ಸೇರಿ ಕೊಟ್ಟದ್ದರ ಮೂರರಷ್ಟು. ತುಂಬಿಸುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಅಳಿಯ ಆಕ್ಷೇಪಿಸಿದ. ವಿದ್ವತ್ತಿನಲ್ಲಿ ಎಲ್ಲವನ್ನೂ ಹಿಡಿಯಲಾಗದು. ಖರ್ಚು ಎಷ್ಟಾದೀತೆಂದು ಆ ತಾಯಿಯನ್ನೇ ಕೇಳಿದೆ. ಅವರು ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಚೀಲದೊಳಗೆ ಬಾಳೆಹಣ್ಣಿನ ಪಕ್ಕ ಇಟ್ಟುಕೊಳ್ಳುತ್ತಾ, "ನಮಗೇನ್ ಖರ್ಚ್ರೀ, ಬಸ್ಸು ಫ್ರೀ ಐತಲ್ಲ" ಎಂದು ಆಧಾರ್ ಕಾರ್ಡು ತೆಗೆದು ತೋರಿಸಿದರು.